ಸೀಟಿಗೆ ಎಣ್ಣೆ ಹಚ್ಚಬೇಡಿ ಮಾರಾಯ್ರೆ

ಕಳೆದ ಡಿಸೆಂಬರಿನಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಒಬ್ಬರು ಮಾಷ್ಟ್ರು, ಕಾರಿನ ಸೀಟು ತೊಳೆದು ರಿಪೇರಿ ಮಾಡುವ ನನ್ನ ಅಂಗಡಿಗೆ ಕಾರು ತಂದರು. ರಿಟೈರ್ ಆದವರು. ಕಾರು ಮಗನದ್ದು, ಮಗ ದುಬೈಯಲ್ಲಿ. ಸೀಟಿಗೆ ಬೂಸು (ಬೂಷ್ಟು) ಬಂದಿದೆ, ಅವನು ಬರುವುದರೊಳಗೆ ಸರಿ ಮಾಡಿಕೊಡಬೇಕು ಎಂದರು.

ಬಾಗಿಲು ತೆಗೆದು ನೋಡಿದೆ. ಕಪ್ಪು ಲೆದರ್ ಸೀಟು. ಒಳಗಿಂದ ಗಾಳಿ ಬರುವ ನಮೂನೆಯದ್ದು, ಮೈತುಂಬ ಸಣ್ಣ ಸಣ್ಣ ತೂತು. ಒಂದೊಂದು ತೂತಿನಲ್ಲೂ ಒಂದೊಂದು ಬಿಳಿ ಚುಕ್ಕೆ. ಕಪ್ಪು ಸೀರೆಗೆ ಬಿಳಿ ಬುಟ್ಟಾ ಇಟ್ಟ ಹಾಗಿತ್ತು. ಬೂಸು ಇಷ್ಟು ಶಿಸ್ತಾಗಿ ಸಾಲು ಹಿಡಿದು ಬರುವುದಿಲ್ಲ. ಹೆಬ್ಬೆರಳು ಒತ್ತಿ ಹತ್ತರವರೆಗೆ ಎಣಿಸಿದೆ. ಬೆರಳು ತೆಗೆದಾಗ ಆ ಜಾಗದಲ್ಲಿ ಚುಕ್ಕೆ ಇಲ್ಲ, ಬೆರಳಿಗೆ ಜಿಡ್ಡು. ಮೂಸಿ ನೋಡಿದೆ.

"ಮಾಷ್ಟ್ರೇ, ತೆಂಗಿನೆಣ್ಣೆ ಹಚ್ಚಿದ್ದೀರಾ?"

"ಹೌದು, ಮನೆಯದ್ದೇ ಕೊಬ್ಬರಿ. ಮಿಲ್ಲಿನಲ್ಲಿ ಆಡಿಸಿದ್ದು. ಅಂಗಡಿಯದ್ದಲ್ಲ."

ಅವರ ಮುಖದಲ್ಲಿ ಹೆಮ್ಮೆ ಇತ್ತು. ನನಗೆ ನಗುವುದೋ ಅಳುವುದೋ ಗೊತ್ತಾಗಲಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಅದನ್ನು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಚಳಿಗಾಲದಲ್ಲಿ ಬಚ್ಚಲಲ್ಲಿ ಬಾಟ್ಲಿ ಕುಲುಕುವವರೇ ನಾವು. ಡಿಸೆಂಬರಿನ ಬೆಳಗ್ಗೆ, ಮೇಲಿಂದ ಎಸಿ. ಸೀಟಿನ ತೂತಿನಲ್ಲಿ ಕೂತ ಎಣ್ಣೆ ಮತ್ತೆ ಏನಾಗಬೇಕು?

ಮಾಷ್ಟ್ರನ್ನು ಮಾತ್ರ ಹೇಳಿ ಪ್ರಯೋಜನವಿಲ್ಲ. ಬದಿಯಡ್ಕ, ಕುಂಬಳೆ, ಮುಳ್ಳೇರಿಯ, ಎಲ್ಲ ಕಡೆಯಿಂದ ಹೀಗೆ ಎಣ್ಣೆ ಕುಡಿದ ಸೀಟುಗಳು ಬರುತ್ತವೆ. ಅಲ್ಲ, 'ಕುಡಿದ' ಎಂದು ನಾನೇ ತಪ್ಪು ಬರೆದೆ. ಕುಡಿದಿರುವುದಿಲ್ಲ. ಅದೇ ಈ ಅಂಕಣದ ವಿಷಯ.

ಈ ಅಭ್ಯಾಸ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನನ್ನ ಅಜ್ಜ ಮಳೆಗಾಲಕ್ಕೆ ಮೊದಲು ಚರ್ಮದ ಮೆಟ್ಟಿಗೆ ಎಣ್ಣೆ ಉಜ್ಜುತ್ತಿದ್ದರು. ಅಜ್ಜ ಮಾಡಿದ್ದು ಸರಿಯೇ. ಆ ಚರ್ಮವನ್ನು ತಂಗಡಿ ತೊಗಟೆ, ಅಳಲೆಕಾಯಿ ಇಂಥವುಗಳ ಚೊಗರಿನಲ್ಲಿ ಹದ ಮಾಡುತ್ತಿದ್ದರು. ಮೇಲೆ ಬಣ್ಣದ ಪದರ ಇಲ್ಲ. ಎಣ್ಣೆ ಹಾಕಿದರೆ ನೇರ ಒಳಗೆ ಹೋಗುತ್ತಿತ್ತು, ಚರ್ಮ ಮೆತ್ತಗಾಗುತ್ತಿತ್ತು.

ಕಾರಿನ ಸೀಟಿನ ಚರ್ಮ ಹಾಗಲ್ಲ. ಅದನ್ನು ಹೆಚ್ಚಾಗಿ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡುತ್ತಾರೆ. ಅದಕ್ಕೆ ಬೇಕಾದ ಎಣ್ಣೆ, ಕೊಬ್ಬು ಎಲ್ಲ ಹದ ಮಾಡುವಲ್ಲಿಯೇ ದೊಡ್ಡ ಪೀಪಾಯಿಯಲ್ಲಿ ತಿರುಗಿಸಿ ತಿರುಗಿಸಿ ಒಳಗೆ ಇಳಿಸುತ್ತಾರೆ. ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಕಡೆ ಹೋದರೆ ಅಂಥ ಪೀಪಾಯಿಗಳು ಬೇಕಾದಷ್ಟು ಸಿಗುತ್ತವೆ. ಇದು ಮುಗಿದ ಮೇಲೆ ಚರ್ಮಕ್ಕೆ ಪೈಂಟು ಹೊಡೆಯುತ್ತಾರೆ. ಹೌದು, ಪೈಂಟೇ. ಪೈಂಟಿನ ಮೇಲೆ ಪಾಲಿಯುರೆಥೇನ್ ಎಂಬ ಪಾರದರ್ಶಕ ಪದರ, ತೆಳ್ಳಗಿನ ಪ್ಲಾಸ್ಟಿಕ್ ಎಂದೇ ತಿಳಿದುಕೊಳ್ಳಿ. ನೀವು ಕೈಯಲ್ಲಿ ಮುಟ್ಟುವುದು ಈ ಪದರವನ್ನು. ಚರ್ಮ ಅದರ ಕೆಳಗೆ ಇದೆ.

ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಎಷ್ಟು ಹೇಳಿದರೂ "ಆದರೂ ಸ್ವಲ್ಪ ಎಣ್ಣೆ ಹಾಕಿದ್ರೆ ಎಂತ ಆಗ್ತದೆ?" ಎಂದೇ ಕೇಳುತ್ತಾರೆ. ನಿಮ್ಮ ಮನೆಯ ಗೋಡೆ ಕೆಂಪುಕಲ್ಲಿನದ್ದು. ಅದಕ್ಕೆ ಸಾರಣೆ ಮಾಡಿ ಪೈಂಟು ಹೊಡೆದಿದ್ದೀರಿ. ಒಳಗಿನ ಕಲ್ಲು ಒಣಗಿತು ಎಂದು ಪೈಂಟಿನ ಮೇಲೆ ದಿನಾ ನೀರು ಹಾಕುತ್ತೀರಾ? ಹಾಕಿದರೂ ಕಲ್ಲಿಗೆ ತಲುಪುತ್ತದಾ? ಪೈಂಟು ಹಾಳಾಗುತ್ತದೆ, ಅಷ್ಟೆ.

ನಂಬಿಕೆ ಇಲ್ಲದಿದ್ದರೆ ನೀವೇ ನೋಡಿ. ಸೀಟಿನ ಕೆಳಗೆ, ಯಾರಿಗೂ ಕಾಣದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಒಂದು ನಿಮಿಷ ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ನಿಂತರೆ ನಿಮ್ಮದು ಪೈಂಟಿನ ಸೀಟು. ನೀರೇ ಇಳಿಯದಲ್ಲಿ ಎಣ್ಣೆ ಇಳಿದು ಚರ್ಮಕ್ಕೆ ಊಟ ಹಾಕುವುದೆಲ್ಲಿಂದ? ಹನಿ ಒಳಗಿಳಿದು ಜಾಗ ಕಪ್ಪಾದರೆ ಅದು ಪದರವಿಲ್ಲದ ಚರ್ಮ, ಅಥವಾ ಪದರ ಸವೆದ ಸೀಟು. ಪದರವಿಲ್ಲದ್ದು ಕೆಲವು ದುಬಾರಿ ಕಾರುಗಳಲ್ಲಿ ಮಾತ್ರ. ಅಂಥದ್ದಕ್ಕೆ ಈ ಅಂಕಣ ಓದಿಕೊಂಡು ಕೈ ಹಾಕಬೇಡಿ. ನನ್ನನ್ನು ಬಯ್ಯುವ ಹಾಗಾಗಬಾರದು.

ಹಾಗೆ ನೋಡಿದರೆ ಲೆದರ್ ಸೀಟು ಎಂದು ದುಡ್ಡು ಕೊಟ್ಟ ಎಷ್ಟೋ ಕಾರುಗಳಲ್ಲಿ ಕೂರುವ ಮುಖ ಮಾತ್ರ ಚರ್ಮ. ಬದಿ, ಹಿಂಭಾಗ ಎಲ್ಲ ರೆಕ್ಸಿನ್. ಕೆಲವದರಲ್ಲಿ ಇಡೀ ಸೀಟೇ ರೆಕ್ಸಿನ್. ಇದನ್ನು ಹೇಳಿದಾಗ ಕೆಲವರಿಗೆ ನನ್ನ ಮೇಲೆಯೇ ಕೋಪ.

ಸರಿ, ಒಳಗೆ ಹೋಗದ ಎಣ್ಣೆ ಏನು ಮಾಡುತ್ತದೆ? ಹೆದ್ದಾರಿ 66ರ ಕೆಲಸ ಶುರುವಾದ ಮೇಲೆ ತಲಪಾಡಿಯಿಂದ ಈಚೆ ಕೆಂಪು ಧೂಳು ಎಷ್ಟು ತಿಂದಿದ್ದೇವೆ ಎಂದು ಎಲ್ಲರಿಗೂ ಗೊತ್ತು. ಆ ಧೂಳು ಜಿಡ್ಡಿಗೆ ಹಿಡಿಯುತ್ತದೆ. ಅದರ ಮೇಲೆ ನೀವು ಕೂತು, ಜಾರಿ, ಇಳಿಯುತ್ತೀರಿ. ಮರಳು ಕಾಗದದಲ್ಲಿ ಉಜ್ಜಿದ ಹಾಗೆ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಮೊದಲು ಬಿರುಕು ಬಿಡುವುದು ಇದೇ ಕಾರಣಕ್ಕೆ. ಜನ ಅದನ್ನು ನೋಡಿ "ಚರ್ಮ ಒಣಗಿದೆ" ಎಂದು ಮತ್ತಷ್ಟು ಎಣ್ಣೆ ಹಚ್ಚುತ್ತಾರೆ.

ಎಣ್ಣೆ ಏನು ಮಾಡುತ್ತದೆ ಎಂಬುದಕ್ಕೆ ಸಾಕ್ಷಿ ಕಾರಿನೊಳಗೇ ಇದೆ. ಹೆಡ್‌ರೆಸ್ಟ್ ನೋಡಿ. ಹತ್ತು ವರ್ಷ ಹಳೆಯ ಕಾರಿನಲ್ಲಿ ತಲೆ ಒರಗುವ ಜಾಗ ಅಂಟಂಟಾಗಿ, ಬಣ್ಣ ಬಿಟ್ಟು, ಕೆಲವೊಮ್ಮೆ ಸಿಪ್ಪೆ ಎದ್ದಿರುತ್ತದೆ. ಯಾರೂ ಕೂರದ ಹಿಂದಿನ ಮಧ್ಯದ ಸೀಟು ಹೊಸದರ ಹಾಗಿರುತ್ತದೆ. ಹೆಡ್‌ರೆಸ್ಟಿಗೆ ದಿನಾ ತಲೆಯ ಎಣ್ಣೆ ಸಿಕ್ಕಿದೆ, ಮಧ್ಯದ ಸೀಟಿಗೆ ಒಂದು ತೊಟ್ಟೂ ಇಲ್ಲ. ಎಣ್ಣೆಯಿಂದ ಲೆದರ್ ಬಾಳುವುದಾದರೆ ಇದು ಉಲ್ಟಾ ಆಗಬೇಕಿತ್ತಲ್ವಾ? ಮಾಷ್ಟ್ರಿಗೆ ಇದನ್ನೇ ತೋರಿಸಿದೆ. ಅವರು ಗಣಿತದ ಮಾಷ್ಟ್ರು. ಸ್ವಲ್ಪ ಹೊತ್ತು ಹೆಡ್‌ರೆಸ್ಟನ್ನೇ ನೋಡಿದರು. "ಲೆಕ್ಕ ಸರಿ ಉಂಟು," ಎಂದರು.

ಇನ್ನು ಹೊಳಪು. ಹೊಸ ಸೀಟು ಹೊಳೆಯುವುದಿಲ್ಲ, ಶೋರೂಮಿಗೆ ಹೋಗಿ ನೋಡಿ ಬನ್ನಿ. ಹೆಚ್ಚಿನವು ಮಂದ ಬಣ್ಣದವು. ಹಳೆ ಸೀಟು ಹೊಳೆಯುವುದು ಬೆವರು, ಜಿಡ್ಡು, ಧೂಳು ಸೇರಿ ನುಣುಪಾಗಿ ಕೂತಿರುವುದರಿಂದ. ಒಮ್ಮೆ ಒಬ್ಬರ ಬಿಳಿಚು ಬಣ್ಣದ ಸೀಟು ಅರ್ಧ ದಿನ ಕೂತು ತೊಳೆದೆ. ಬಟ್ಟೆಯಲ್ಲಿ ಹಾಲು ಹಾಕದ ಚಾದ ಬಣ್ಣದ ನೀರು ಬಂತು. ಅವರು ಬಂದು ನೋಡಿ, "ಇದೆಂತದು, ಶೈನಿಂಗ್ ಎಲ್ಲ ಹೋಯ್ತು" ಎಂದು ಅರ್ಧ ದುಡ್ಡು ಕೊಟ್ಟರು. ಸಿಲಿಕೋನ್ ಪಾಲಿಶ್ ಒಂದು ಸುತ್ತು ಹೊಡೆದಿದ್ದರೆ ಪೂರ್ತಿ ದುಡ್ಡು, ಮೇಲೆ ಚಾ ಕುಡಿಸುತ್ತಿದ್ದರು. ಆದರೆ ಸಿಲಿಕೋನ್ ಹಾಕಿದ ಸೀಟಿಗೆ ಮುಂದೆ ಬಣ್ಣದ ರಿಪೇರಿ ಮಾಡಬೇಕಾದರೆ ಬಣ್ಣ ಹಿಡಿಯುವುದಿಲ್ಲ. ಆಗ ಬಯ್ಯಿಸಿಕೊಳ್ಳುವವನೂ ನಾನೇ.

ಸೀಟಿಗೆ ಬೇಕಾದದ್ದು ತೊಳೆಯುವುದು. ಮೊದಲು ವ್ಯಾಕ್ಯೂಮ್, ಹೊಲಿಗೆಯ ಸಂದಿಯ ಮರಳು ಎಲ್ಲ ಹೋಗಬೇಕು. ಆಮೇಲೆ ಲೆದರಿಗೆಂದೇ ಮಾಡಿದ ನೀರಿನ ಕ್ಲೀನರ್. ಬಟ್ಟೆ ಸೋಪು, ಪಾತ್ರೆ ಸೋಪು ಬೇಡ. ಹದ ಮಾಡಿದ ಚರ್ಮ ಹುಳಿಯ ಕಡೆಯದ್ದು, ಪಿಎಚ್ ಎಂಬ ಹುಳಿ-ಕ್ಷಾರದ ಅಳತೆಯಲ್ಲಿ ಹೆಚ್ಚುಕಡಿಮೆ 4. ಬಟ್ಟೆ ಸೋಪು 9, 10, ಪೂರಾ ಕ್ಷಾರ. ಕ್ಲೀನರನ್ನು ಸೀಟಿಗೆ ಸುರಿಯಬೇಡಿ, ಮೆತ್ತಗಿನ ಬ್ರಶ್ಶಿಗೆ ಹಾಕಿ. ತೂತಿನ ಸೀಟಾದರೆ ಒಳಗೆ ಸ್ಪಂಜು, ಫ್ಯಾನು, ವಯರು ಇರುತ್ತದೆ. ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಅಲ್ಲಿ ಹೊಲಿಗೆ ನೆನೆಯುವಷ್ಟು ಒದ್ದೆ ಮಾಡಲೇಬಾರದು. ಒಂದು ಮೊಳ ಜಾಗ ಉಜ್ಜಿ, ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರಸಿ, ಮುಂದಿನ ಜಾಗಕ್ಕೆ ಹೋಗಿ. ಯಾವುದನ್ನೇ ಆಗಲಿ ಮೊದಲು ಕಾಣದ ಜಾಗದಲ್ಲಿ ಹಚ್ಚಿ ನೋಡಿ. ಸ್ಯಾನಿಟೈಸರ್ ಮುಟ್ಟಿಸಲೇಬೇಡಿ. 2020ರಲ್ಲಿ ಕೈಗೆ ಹಾಕಿ ಹಾಗೇ ಸ್ಟೇರಿಂಗ್ ಹಿಡಿದವರ ಸ್ಟೇರಿಂಗಿನ ಬಣ್ಣ ಈಗಲೂ ನನ್ನ ಅಂಗಡಿಗೆ ರಿಪೇರಿಗೆ ಬರುತ್ತದೆ.

ಕಂಡೀಶನರ್ ಬೇಡವಾ ಎಂದರೆ, ಬೇಡ ಎಂದು ಹೇಳಲಾರೆ. ನೀರಿನ ಅಂಶದ್ದು, ಜಿಡ್ಡಿಲ್ಲದ್ದು ಆದರೆ ವರ್ಷಕ್ಕೆ ಎರಡು ಸಲ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒರಸಿ ತೆಗೆಯಿರಿ. ಮೇಲಿನ ಪದರಕ್ಕೆ ಉಜ್ಜಾಟ ಕಡಿಮೆಯಾಗುತ್ತದೆ. ಆದರೆ ಗಲ್ಫಿನಿಂದ ಬರುವವರು ತರುವ ಡಬ್ಬಿಯಲ್ಲಿ ತಿಂಗಳಿಗೊಮ್ಮೆ ಎಂದು ಬರೆದಿರುತ್ತದಲ್ಲ, ಅದು ಒಣ ಹವೆಯ ಊರಿನವರಿಗೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬರುವ ಊರಿನಲ್ಲಿ ಚರ್ಮ ಒಣಗುವುದು ನಮ್ಮ ಚಿಂತೆ ಅಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಸು, ಬೆಲ್ಟಿಗೂ ಬೂಸು. ಸೀಟಿನಲ್ಲಿ ಜಿಡ್ಡು ಇದ್ದರೆ ಬೂಸಿಗೆ ಹಬ್ಬ. ಮಗ ಗಲ್ಫಿನಲ್ಲಿದ್ದು ಕಾರು ಶೆಡ್ಡಿನಲ್ಲಿದ್ದರೆ, ಮಳೆ ಬಿಟ್ಟ ದಿನ ನಾಲ್ಕೂ ಬಾಗಿಲು ತೆರೆದಿಡಿ. ಅದಕ್ಕಿಂತ ಒಳ್ಳೆಯ ಕಂಡೀಶನರ್ ನನ್ನ ಹತ್ತಿರ ಇಲ್ಲ.

ತೆಂಗಿನೆಣ್ಣೆಗೆ ಒಂದು ರಿಯಾಯಿತಿ ಕೊಡುತ್ತೇನೆ. ಹಲಸಿನ ಹಣ್ಣು ತರುವಾಗ ಸೀಟಿಗೆ ಮಯಣ ಅಂಟಿದರೆ ಸೀಮೆಎಣ್ಣೆ, ಪೆಟ್ರೋಲು ಎಂದು ಹೋಗಬೇಡಿ, ಪದರವೇ ಎದ್ದು ಬರಬಹುದು. ಬೆರಳ ತುದಿಯಷ್ಟು ತೆಂಗಿನೆಣ್ಣೆಯಲ್ಲಿ ಮೆಲ್ಲಗೆ ತಿಕ್ಕಿ ಮಯಣ ಬಿಡಿಸಿ, ಕೂಡಲೇ ಕ್ಲೀನರಿನಲ್ಲಿ ಆ ಎಣ್ಣೆಯನ್ನೂ ತೆಗೆಯಿರಿ. ತೆಗೆಯುವುದು ಮುಖ್ಯ.

ಮಾಷ್ಟ್ರ ಸೀಟಿನ ತೂತುಗಳನ್ನು ಬಿಡಿಸಲು ನನಗೆ ಎರಡು ದಿನ ಹಿಡಿಯಿತು. ಹೇರ್ ಡ್ರೈಯರಿನ ಹದವಾದ ಬಿಸಿ, ಒಣ ಬಟ್ಟೆ, ಮೆತ್ತಗಿನ ಬ್ರಶ್ಶು, ಮತ್ತೆ ಬಿಸಿ. ಒಳಗಿನ ಸ್ಪಂಜಿಗೆ ಇಳಿದದ್ದು ಪೂರ್ತಿ ಬರಲಿಲ್ಲ. ಬೇಸಿಗೆಯಲ್ಲಿ ಕಮಟು ವಾಸನೆ ಬಂದರೂ ಬರಬಹುದು ಎಂದು ಮೊದಲೇ ಹೇಳಿದ್ದೇನೆ. ಹೊರಡುವಾಗ ಅವರು ಕೇಳಿದರು, "ನನಗೆ ತಲೆಗೆ ಎಣ್ಣೆ ಹಾಕದೆ ಆಗುವುದಿಲ್ಲ. ಹೆಡ್‌ರೆಸ್ಟಿಗೆ ಎಂತ ಮಾಡುವುದು?"

ಹಳೆ ಅಂಬಾಸಿಡರ್ ಕಾರಿನಲ್ಲಿ ಸರ್ಕಾರಿ ಸಾಹೇಬರ ಸೀಟಿಗೆ ಬಿಳಿ ಟವೆಲು ಹೊದಿಸುತ್ತಿದ್ದರಲ್ಲ, ಅದನ್ನು ನೋಡಿ ನಾನು ಎಷ್ಟೋ ವರ್ಷ ನಕ್ಕಿದ್ದೇನೆ. ಈಗ ಮಾಷ್ಟ್ರಿಗೆ ಅದನ್ನೇ ಹೇಳಿದೆ. ಒಂದು ಬೈರಾಸು ಹೊದಿಸಿ, ವಾರಕ್ಕೊಮ್ಮೆ ಒಗೆಯಿರಿ. ಒಗೆಯದಿದ್ದರೆ ಆ ಬೈರಾಸೇ ಹೆಡ್‌ರೆಸ್ಟಿಗೆ ಎಣ್ಣೆ ಹಚ್ಚುತ್ತದೆ.