ಆಪ್ತ ಸಮಾಲೋಚನೆ, ಆತ್ಮಿಕ ಮಾರ್ಗದರ್ಶನ: ಮೊದಲ ಸಲ ಹೋಗುವವರಿಗೆ

ಕೌನ್ಸೆಲಿಂಗ್ ಎಂದರೆ ನಮ್ಮ ಕಡೆ ಬಹಳ ಮಂದಿಗೆ ಮೊದಲು ನೆನಪಾಗುವುದು ಸಿಇಟಿ ಸೀಟು ಹಂಚಿಕೆ, ಇಲ್ಲವೇ ಶಿಕ್ಷಕರ ವರ್ಗಾವಣೆ. ಇಲ್ಲಿ ಹೇಳುತ್ತಿರುವುದು ಮನಸ್ಸಿಗೆ ಸಂಬಂಧಪಟ್ಟ ಆಪ್ತ ಸಮಾಲೋಚನೆಯ ವಿಷಯ. ಮನಸ್ಸನ್ನು ಕಾಡುವ ತೊಂದರೆಯನ್ನು ಅದಕ್ಕೆಂದೇ ತರಬೇತಿ ಪಡೆದವರ ಎದುರು, ಗೊತ್ತುಪಡಿಸಿದ ಹೊತ್ತಿನಲ್ಲಿ, ಮಾತು ಹೊರಗೆ ಹೋಗುವುದಿಲ್ಲ ಎಂಬ ಕರಾರಿನ ಮೇಲೆ ಬಿಚ್ಚಿಟ್ಟು, ಏನನ್ನು ಬದಲಿಸಬಹುದು ಎಂದು ಇಬ್ಬರೂ ಸೇರಿ ಹುಡುಕುವುದು ಆಪ್ತ ಸಮಾಲೋಚನೆ. ಕ್ರೈಸ್ತ ಆತ್ಮಿಕ ಮಾರ್ಗದರ್ಶನವೂ ಹೊರಗಿನಿಂದ ಹೀಗೇ ಕಾಣುತ್ತದೆ: ಎರಡು ಕುರ್ಚಿ, ಮುಚ್ಚಿದ ಬಾಗಿಲು, ಸುಮಾರು ಒಂದು ತಾಸು. ಆದರೆ ಅಲ್ಲಿನ ವಿಷಯ ದೇವರ ಜೊತೆ ನಿಮ್ಮ ಸಂಬಂಧ. ಪ್ರಾರ್ಥನೆ ಹೇಗೆ ನಡೆದಿದೆ, ಎಲ್ಲಿ ತಡೆದಿದೆ, ಎದುರಿಗಿರುವ ನಿರ್ಧಾರದಲ್ಲಿ ದೇವರ ಚಿತ್ತ ಯಾವ ಕಡೆ ಎಂದು ಕಾಣುತ್ತದೆ, ಇಂಥವು.

ಎರಡೂ ಒಂದೇ ಎಂದುಕೊಂಡು ಹೋದವರಿಗೆ ನಿರಾಶೆ ಕಾದಿರುತ್ತದೆ. ಖಿನ್ನತೆಯಲ್ಲಿರುವವರಿಗೆ ಇನ್ನಷ್ಟು ಪ್ರಾರ್ಥನೆ ಮಾಡಿ ಎಂಬ ಉತ್ತರ ಸಿಗಬಹುದು. ಪ್ರಾರ್ಥನೆ ಬತ್ತಿಹೋಗಿದೆ ಎಂದು ಬಂದವರಿಗೆ ನಿದ್ದೆಯ ಲೆಕ್ಕ ಬರೆಯುವ ಹಾಳೆ ಸಿಗಬಹುದು. ನಮ್ಮ ಅನಿಸಿಕೆ ಸ್ಪಷ್ಟವಾಗಿದೆ: ಎರಡು ವಾರ ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ ಮೊದಲು ವೈದ್ಯರು ಅಥವಾ ಸಮಾಲೋಚಕರು. ಆತ್ಮಿಕ ಮಾರ್ಗದರ್ಶನ ಅದರ ಜೊತೆಗೆ ನಡೆಯಲಿ, ಅದರ ಬದಲಿಗೆ ಬೇಡ.

ಬೋರ್ಡು ನೋಡಿ ಹೋಗಬೇಡಿ

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಗುಳಿಗೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಮಾಡುತ್ತಾರೆ. ಆರ್‌ಸಿಐ ಎನ್ನುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ಇರುತ್ತದೆ. ಆಪ್ತ ಸಮಾಲೋಚಕರು ಸಾಮಾನ್ಯವಾಗಿ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಅಥವಾ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯೂ ಮಾಡಿದವರು. ಇವರಿಗೆ ಗುಳಿಗೆ ಬರೆಯುವ ಅಧಿಕಾರ ಇಲ್ಲ. ಬರೆದುಕೊಟ್ಟರೆ ಅಲ್ಲಿಗೆ ಮತ್ತೆ ಹೋಗಬೇಡಿ. ಏನು ಓದಿದ್ದೀರಿ, ನನ್ನಂಥ ತೊಂದರೆ ಇರುವವರನ್ನು ಮೊದಲು ನೋಡಿದ್ದೀರಾ, ಒಂದು ಭೇಟಿಗೆ ಎಷ್ಟು ಫೀ ಎಂದು ಫೋನಿನಲ್ಲೇ ಕೇಳಿ. ಚಲೋ ಸಮಾಲೋಚಕರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ.

ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆ ನವನಗರದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ. ಎಲ್ಲಿಗೂ ಹೋಗುವ ಸ್ಥಿತಿ ಇಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ಕನ್ನಡದಲ್ಲೂ ಸಿಗುತ್ತದೆ.

ಭಾಷೆಯನ್ನೂ ಮೊದಲೇ ಕೇಳಿಕೊಳ್ಳಿ. ಬೆಳಗಾವಿಯಲ್ಲಿ ಮನೆಯೊಳಗೆ ಮರಾಠಿ, ಆಫೀಸಿನಲ್ಲಿ ಕನ್ನಡ ಆಡುವವರು ಎಷ್ಟೋ ಮಂದಿ. ವಿಜಯಪುರದಲ್ಲಿ ಮನೆಮಾತು ಉರ್ದು ಇರುವವರು ಬಹಳ. ನಿಮಗೆ ಸಿಟ್ಟು ಮತ್ತು ಅಳು ಯಾವ ಭಾಷೆಯಲ್ಲಿ ಬರುತ್ತವೋ ಆ ಭಾಷೆ ತಿಳಿದವರು ಸಿಕ್ಕರೆ ಅರ್ಧ ಕೆಲಸ ಹಗುರ.

ಮೊದಲ ಭೇಟಿಯಲ್ಲಿ ಏನಾಗುತ್ತದೆ

ಖಾಸಗಿಯಾಗಿ ಹೋದರೆ 45 ನಿಮಿಷದಿಂದ ಒಂದು ತಾಸು ಸಿಗುತ್ತದೆ. ಸರಕಾರಿ ಹೊರರೋಗಿ ವಿಭಾಗದ ಗದ್ದಲದಲ್ಲಿ ಅಷ್ಟು ಸಿಗಲಿಕ್ಕಿಲ್ಲ, ಎರಡು ಮೂರು ಭೇಟಿಗೆ ಹಂಚಿಹೋಗಬಹುದು. ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಬಿಪಿ, ಶುಗರ್, ಥೈರಾಯ್ಡ್ ಗುಳಿಗೆಗಳ ಹೆಸರು ಜೊತೆಗಿರಲಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇವೂ ಖಿನ್ನತೆಯಂತೆಯೇ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ವೈದ್ಯರು ರಕ್ತ ಪರೀಕ್ಷೆ ಬರೆದರೆ ಸುಮ್ಮನೆ ಖರ್ಚಿಗೆ ಹಚ್ಚಿದರು ಎಂದುಕೊಳ್ಳಬೇಡಿ.

ಈ ಭಾಗದ ಬಹಳ ಮಂದಿ ಮನಸ್ಸಿನ ಮಾತನ್ನು ದೇಹದಿಂದ ಶುರುಮಾಡುತ್ತಾರೆ. "ನಿದ್ದಿ ಹತ್ತವಲ್ದು," "ಊಟ ಸೇರವಲ್ದು," "ಎದಿ ಡವಡವ ಅಂತೈತಿ," "ತಲಿ ಭಾರ ಆಗೈತಿ." ಹಾಗೇ ಶುರುಮಾಡಿ, ತಪ್ಪೇನಿಲ್ಲ. ಸಮಾಲೋಚಕರು ಅಲ್ಲಿಂದಲೇ ಹಿಡಿದುಕೊಂಡು ಕೇಳುತ್ತಾ ಹೋಗುತ್ತಾರೆ: ಯಾವಾಗಿನಿಂದ, ಅದಕ್ಕೂ ಮುಂಚೆ ಮನೆಯಲ್ಲಿ ಏನಾಗಿತ್ತು, ಯಾವ ಹೊತ್ತಿನಲ್ಲಿ ಹೆಚ್ಚು, ಯಾವಾಗ ಕಡಿಮೆ, ಮನೆತನದಲ್ಲಿ ಇನ್ನಾರಿಗಾದರೂ ಹೀಗಾಗಿತ್ತೇ, ಕುಡಿತ, ಗುಟಕಾ, ಸಾಲ, ಮೊದಲು ತೋರಿಸಿದ ಡಾಕ್ಟರು ಯಾರು. ಸಾಯಬೇಕು ಎಂಬ ವಿಚಾರ ಬಂದಿತ್ತೇ ಎಂದೂ ನೇರವಾಗಿ ಕೇಳುತ್ತಾರೆ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುತ್ತದೆ ಎಂಬ ಭಯ ಮನೆಯವರಿಗೆ ಇರುತ್ತದೆ. ಹಾಗಾಗುವುದಿಲ್ಲ, ಒಳಗೇ ಹೊತ್ತುಕೊಂಡವರಿಗೆ ಆ ಪ್ರಶ್ನೆಯಿಂದ ಉಸಿರು ಸಡಿಲವಾಗುತ್ತದೆ. ಇದ್ದದ್ದು ಇದ್ದಹಾಗೆ ಹೇಳಿ.

ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಕೊಡಬಹುದು. ಪಿಎಚ್‌ಕ್ಯೂ-9 ಎಂದು ಅದರ ಹೆಸರು. ಕಳೆದ ಎರಡು ವಾರಗಳಲ್ಲಿ ಬೇಸರ, ನಿದ್ದೆ, ಸುಸ್ತು, ಹಸಿವು, ತಾನು ಕೈಲಾಗದವ ಎಂಬ ಭಾವನೆ ಇವೆಲ್ಲ ಎಷ್ಟು ದಿನ ಕಾಡಿದವು ಎಂಬುದಕ್ಕೆ 0ಯಿಂದ 3ರವರೆಗೆ ಗುರುತು ಹಾಕಬೇಕು. ಹೆಚ್ಚೆಂದರೆ ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನ ಕೊಡಲೇಬೇಕಾದ ಮಟ್ಟ. ಇದು ಪಾಸು, ಫೇಲಿನ ಪರೀಕ್ಷೆ ಅಲ್ಲ, ಇದೊಂದರಿಂದಲೇ ಕಾಯಿಲೆ ತೀರ್ಮಾನವೂ ಆಗುವುದಿಲ್ಲ. ಆರು ವಾರಗಳ ನಂತರ ಮತ್ತೆ ತುಂಬಿಸಿದಾಗ ಅಂಕಿ ಇಳಿದಿದೆಯೇ ಎಂದು ನೋಡಲು ಅದು ಉಪಯೋಗ. ಒಂಬತ್ತನೆಯ ಪ್ರಶ್ನೆ ಸಾವಿನ ವಿಚಾರದ್ದು. ಅದಕ್ಕೆ ನಾಚಿಕೊಂಡು ಸೊನ್ನೆ ಹಾಕಿದರೆ ಇಡೀ ಹಾಳೆ ತುಂಬಿದ್ದು ದಂಡ.

ಜೊತೆಗೆ ಬಂದವರ ಗೊಂದಲ ಬೇರೆ. ಅತ್ತೆ, ಅಣ್ಣ, ಗಂಡ ಯಾರೋ ಒಬ್ಬರು ತಾವೂ ಒಳಗೆ ಕೂಡ್ರುತ್ತೇವೆ ಎನ್ನುತ್ತಾರೆ, ಕೇಳಿದ ಪ್ರಶ್ನೆಗೆಲ್ಲ ತಾವೇ ಉತ್ತರ ಹೇಳುತ್ತಾರೆ. ಅನುಭವ ಇರುವ ಸಮಾಲೋಚಕರು ಐದು ಹತ್ತು ನಿಮಿಷ ಅವರ ಮಾತು ಕೇಳಿ, ಆಮೇಲೆ ಅವರನ್ನು ಹೊರಗೆ ಕೂಡ್ರಿಸಿ ನಿಮ್ಮೊಬ್ಬರ ಜೊತೆ ಮಾತಾಡುತ್ತಾರೆ. ಮಾಡದಿದ್ದರೆ ನೀವೇ ಕೇಳಿ: "ಮೇಡಂ, ಒಂದ್ ಸ್ವಲ್ಪ ಒಬ್ಬಾಕಿನ ಮಾತಾಡ್ತೇನ್ರಿ."

ಮೊದಲ ಭೇಟಿ ಮುಗಿಸಿ ಬಂದ ರಾತ್ರಿ ಮನಸ್ಸು ಇನ್ನಷ್ಟು ಭಾರವಾಗುವುದುಂಟು. ವರ್ಷಗಟ್ಟಲೆ ಮುಚ್ಚಿಟ್ಟದ್ದು ಬಾಯಿಗೆ ಬಂದಿದೆ, ಹಾಗಾಗಿ. ಬಿಟ್ಟುಬಿಡುವವರು ಹೆಚ್ಚಾಗಿ ಇಲ್ಲೇ ಬಿಡುತ್ತಾರೆ, "ಬರೇ ಕೇಳಿದ್ರು, ಏನೂ ಹೇಳಲಿಲ್ಲ" ಎಂದು. ಬುದ್ಧಿಮಾತು ಹೇಳಲು ಊರಲ್ಲಿ ಮಂದಿ ಕಡಿಮೆ ಇಲ್ಲ. ಇಲ್ಲಿ ಹೆಚ್ಚು ಮಾತಾಡಬೇಕಾದವರು ನೀವು. ಮೊದಲ ಭೇಟಿಯಲ್ಲೇ ಗಂಡನನ್ನು ಬಿಡು, ನೌಕರಿ ಬಿಡು, ಹೊಂದಿಕೊಂಡು ಹೋಗು ಎಂದು ತೀರ್ಪು ಕೊಡುವವರ ಬಗ್ಗೆ ಅನುಮಾನ ಇರಲಿ.

ಗುಟ್ಟು ಎಷ್ಟು ಗಟ್ಟಿ

ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯ್ದೆ, 2017ರ 23ನೇ ಕಲಮಿನ ಪ್ರಕಾರ ನಿಮ್ಮ ಮಾನಸಿಕ ಆರೋಗ್ಯ ಮತ್ತು ಚಿಕಿತ್ಸೆಯ ಮಾಹಿತಿ ಗುಟ್ಟಾಗಿರುವುದು ನಿಮ್ಮ ಹಕ್ಕು. ಆದರೂ ಮಿತಿಗಳಿವೆ, ಅವನ್ನು ಸಮಾಲೋಚಕರು ಮೊದಲ ಹತ್ತು ನಿಮಿಷದಲ್ಲೇ ಹೇಳಬೇಕು. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೋ ವೈದ್ಯರಿಗೋ ತಿಳಿಸುತ್ತಾರೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಡಿ ವರದಿ ಮಾಡಲೇಬೇಕು. ಕೋರ್ಟು ಆದೇಶಿಸಿದರೆ ದಾಖಲೆ ಕೊಡಬೇಕಾಗುತ್ತದೆ. ಇವನ್ನು ಹೇಳದೆ "ಏನ್ ಹೇಳಿದ್ರೂ ಇಲ್ಲೇ ಇರ್ತದ" ಎಂದು ಪೂರ್ತಿ ಮಾತು ಕೊಡುವವರು ಆಮೇಲೆ ಮಾತು ತಪ್ಪಬೇಕಾಗುತ್ತದೆ.

ಸಣ್ಣ ಊರಿನ ಕಷ್ಟ ಕಾನೂನಿನಲ್ಲಿ ಬರೆದಿರುವುದಿಲ್ಲ. ಜಮಖಂಡಿಯಲ್ಲೋ ಸಿಂದಗಿಯಲ್ಲೋ ಕಾಯುವ ಬೆಂಚಿನ ಮೇಲೆ ಪಕ್ಕದ ಓಣಿಯವರೇ ಕೂತಿರಬಹುದು. ಜನ ಕಡಿಮೆ ಇರುವ ಹೊತ್ತು ಯಾವುದು ಎಂದು ಕೇಳಿ ಹೋಗಿ. ಸಂತೆಯಲ್ಲಿ ಎದುರಾದಾಗ ನಿಮ್ಮ ಸಮಾಲೋಚಕರು ಮಾತಾಡಿಸದೆ ಮುಂದೆ ಹೋದರೆ ಬೇಸರ ಬೇಡ. ನೀವಾಗಿ ಮಾತಾಡಿಸದ ಹೊರತು ಗುರುತು ತೋರಿಸಬಾರದು ಎಂಬುದು ಅವರ ವೃತ್ತಿಯ ಶಿಸ್ತು.

ಮುಂದಿನ ವಾರಗಳು

ಸಾಮಾನ್ಯವಾಗಿ ವಾರಕ್ಕೊಂದು ಭೇಟಿ, ಆರರಿಂದ ಹನ್ನೆರಡು ಭೇಟಿ. ಕಬ್ಬಿನ ಹಂಗಾಮು, ಗೋವಾ ಪುಣೆಗೆ ದುಡಿಯಲು ಹೋಗುವುದು ಇದ್ದರೆ ಮೊದಲೇ ತಿಳಿಸಿ, ನಡುವಿನ ಭೇಟಿಗಳನ್ನು ಫೋನಿನಲ್ಲಿ ಇಟ್ಟುಕೊಳ್ಳಬಹುದು. ಮನೆಯಲ್ಲಿ ಮಾಡುವ ಕೆಲಸವೂ ಇರುತ್ತದೆ. ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಕಾಲಂ ಎಳೆಸುತ್ತಾರೆ: ಏನಾಯಿತು, ತಲೆಗೆ ಏನು ಬಂತು, ಏನನ್ನಿಸಿತು ಮತ್ತು ನೂರಕ್ಕೆ ಎಷ್ಟು, ಏನು ಮಾಡಿದೆ. ಹುಬ್ಬಳ್ಳಿಯಲ್ಲಿ ಓದುವ ಮಗ ಸಂಜೆ 6ಕ್ಕೆ ಫೋನ್ ಎತ್ತಲಿಲ್ಲ, "ಏನೋ ಆಗೇದ" ಅನ್ನಿಸಿತು, ಭಯ 80, ಎಂಟು ಸಲ ಫೋನ್ ಮಾಡಿದೆ. ಮಗ ಬಸ್ಸಿನಲ್ಲಿ ನಿದ್ದೆ ಮಾಡಿದ್ದ. ಹೀಗೆ ಎರಡು ವಾರ ಬರೆದರೆ ಭಯ ಯಾವ ಹೊತ್ತಿಗೆ, ಯಾವ ವಿಚಾರದ ಬೆನ್ನು ಹತ್ತಿ ಬರುತ್ತದೆ ಎಂದು ನಿಮಗೇ ಕಾಣತೊಡಗುತ್ತದೆ. ಬರೆಯಲು ಬಾರದವರು ಫೋನಿನಲ್ಲಿ ದನಿ ಮುದ್ರಿಸಿಕೊಂಡರೂ ನಡೆಯುತ್ತದೆ.

ಖಿನ್ನತೆಗೆ ಗುಳಿಗೆ ಕೊಟ್ಟಿದ್ದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರವೇ ಗುಣವಿಲ್ಲ ಎಂದು ಬಿಡುವುದು ಒಂದು ತಪ್ಪು, ಹಗುರಾದ ಕೂಡಲೇ ಬಿಡುವುದು ಇನ್ನೂ ದೊಡ್ಡ ತಪ್ಪು. ಆರಾಮಾದ ಮೇಲೂ ಆರು ತಿಂಗಳಾದರೂ ಮುಂದುವರಿಸುವುದು, ವೈದ್ಯರು ಹೇಳಿದಂತೆ ನಿಧಾನಕ್ಕೆ ಇಳಿಸುವುದು ರೂಢಿ. ಸಮಾಲೋಚಕರು ಒಗ್ಗಲಿಲ್ಲ ಎನ್ನಿಸಿದರೆ ಮೂರು ಭೇಟಿ ನೋಡಿ ಬದಲಿಸಿ. ಆದರೆ ಸಲುಗೆ ಮೀರಿದರೆ, ಕೈಗಡ ಕೇಳಿದರೆ, ನಿಮ್ಮ ಜಾತಿ ಧರ್ಮ ಹೀಯಾಳಿಸಿದರೆ ಎರಡನೆಯ ಅವಕಾಶ ಬೇಡ.

ಆತ್ಮಿಕ ಮಾರ್ಗದರ್ಶನದ ದಾರಿ

ಇಲ್ಲಿ ತಿಂಗಳಿಗೊಮ್ಮೆ ಸಿಕ್ಕರೆ ಸಾಕು. ಸಾಮಾನ್ಯವಾಗಿ ಫೀ ಇರುವುದಿಲ್ಲ. ಮಾರ್ಗದರ್ಶಕರು ಫಾದರ್ ಆಗಿರಲೇಬೇಕೆಂದಿಲ್ಲ. ಸಿಸ್ಟರ್, ತರಬೇತಾದ ಸಾಮಾನ್ಯ ವಿಶ್ವಾಸಿಯೂ ಆಗಬಹುದು. ಕಥೋಲಿಕರಲ್ಲಿ ಇದಕ್ಕೆ ಗಟ್ಟಿ ಪದ್ಧತಿ ಇದೆ. ಬೆಳಗಾವಿ ಕ್ಯಾಂಪಿನ ಸೇಂಟ್ ಪಾಲ್ಸ್ ಶಾಲೆ ನಡೆಸುವ ಯೇಸುಸಭೆಯ (ಜೆಸ್ವಿಟ್ ಗುರುಗಳ ಸಂಘದ) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ರೂಪಿಸಿದ, 1548ರಲ್ಲಿ ಪೋಪರ ಒಪ್ಪಿಗೆ ಪಡೆದ ಆತ್ಮಿಕ ಸಾಧನೆಗಳ ಕ್ರಮ ಇದಕ್ಕೆ ಬುನಾದಿ. ಗುಳೇದಗುಡ್ಡದಂಥ ಹಳೆಯ ಬಾಸೆಲ್ ಮಿಷನ್ ಊರುಗಳ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪಾಸ್ಟರ್ ಮನೆಭೇಟಿ, ಒಟ್ಟಾಗಿ ಪ್ರಾರ್ಥನೆ ಇರುತ್ತವೆ. ತಿಂಗಳ ತಿಂಗಳ ಮಾರ್ಗದರ್ಶನ ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕಾಗುತ್ತದೆ.

ಮೊದಲ ಭೇಟಿ ಕೆಲವು ನಿಮಿಷದ ಮೌನದಿಂದ ಶುರುವಾಗುತ್ತದೆ. ಆಮೇಲೆ ನಿಮ್ಮ ವಿಶ್ವಾಸದ ಕಥೆ, ಈಗಿನ ಪ್ರಾರ್ಥನೆಯ ಸ್ಥಿತಿ. ಮನೆಗೆ ಬೈಬಲ್ಲಿನ ಒಂದು ವಾಕ್ಯಭಾಗ, ಜೊತೆಗೆ ರಾತ್ರಿ ಹದಿನೈದು ನಿಮಿಷದ ಆತ್ಮಶೋಧನೆ ಕೊಡುತ್ತಾರೆ: ದಿನಕ್ಕಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನವನ್ನು ತಾಸು ತಾಸಾಗಿ ತಿರುಗಿ ನೋಡುವುದು, ತಪ್ಪಿಗೆ ಕ್ಷಮೆ, ನಾಳೆಗೊಂದು ಸಂಕಲ್ಪ. ಮೂರನೆಯದಕ್ಕೇ ಹೆಚ್ಚು ಹೊತ್ತು ಬೇಕು. ಬರೇ ತಪ್ಪುಗಳ ಪಟ್ಟಿ ಮಾಡುತ್ತಾ ಕೂಡ್ರುವವರು ಒಂದೇ ವಾರದಲ್ಲಿ ದಣಿಯುತ್ತಾರೆ. ಯಾವ ಗಳಿಗೆಯಲ್ಲಿ ಜೀವ ಅರಳಿತು, ಯಾವಾಗ ಮುದುಡಿತು ಎಂದು ನೋಡುವುದು ಇದರ ತಿರುಳು. ಪ್ರಾರ್ಥನೆ ಬತ್ತಿ ಮನಸ್ಸು ಮುದುಡಿದ ಶುಷ್ಕತೆಯ ಹೊತ್ತಿನಲ್ಲಿ, ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬ ಇಗ್ನೇಷಿಯಸರ ನಿಯಮ ಇಂದಿಗೂ ಬಹಳ ಮಂದಿಯನ್ನು ಅವಸರದಿಂದ ಉಳಿಸುತ್ತಿದೆ.

ಮಾರ್ಗದರ್ಶಕರಿಗೂ ಇಗ್ನೇಷಿಯಸರು ಕಟ್ಟುಪಾಡು ಹಾಕಿದ್ದಾರೆ: ತಕ್ಕಡಿಯ ಮುಳ್ಳಿನ ಹಾಗೆ ನಡುವೆ ನಿಲ್ಲಬೇಕು, ಸಾಧಕರನ್ನು ಯಾವ ಕಡೆಗೂ ವಾಲಿಸಬಾರದು, ದೇವರು ಅವರ ಜೊತೆ ನೇರವಾಗಿ ವ್ಯವಹರಿಸಲು ಬಿಡಬೇಕು. ಇಂಥವಳನ್ನೇ ಮದುವೆಯಾಗು, ಹೊಲ ಮಾರು, ದೇವರು ನನಗೆ ತೋರಿಸಿದ್ದಾರೆ ಎನ್ನುವವರು ಈ ನಿಯಮ ಮೀರಿದವರು. ಗುರುಗಳ ಎದುರು ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆ ಇನ್ನೊಂದೇ ಸಂಗತಿ. ಅದು ಸಂಸ್ಕಾರ, ಅಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಮಾರ್ಗದರ್ಶನದ ಮಾತೂ ಗುಟ್ಟೇ, ಆದರೆ ಆ ಸಂಸ್ಕಾರದ ಮುದ್ರೆ ಅದಕ್ಕಿಲ್ಲ. ಯಾವುದಕ್ಕೆ ಬಂದಿದ್ದೇನೆ ಎಂದು ಮೊದಲೇ ಹೇಳಿ.

ವಿಶ್ವಾಸ ಕಡಿಮೆಯಾಗಿದ್ದಕ್ಕೇ ಖಿನ್ನತೆ ಬಂತು ಎಂಬ ಮಾತು ಕೆಲವು ಕಡೆ ಕೇಳಿಬರುತ್ತದೆ. ಸತ್ಯವೇದದಲ್ಲೇ (ಬೈಬಲ್ಲಿನಲ್ಲೇ) ಇದಕ್ಕೆ ಉತ್ತರ ಇದೆ. ಒಂದನೆಯ ಅರಸುಗಳ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾವು ಬೇಡಿಕೊಂಡು ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಕೊಡುತ್ತಾನೆ, ಮತ್ತೆ ಮಲಗಲು ಬಿಡುತ್ತಾನೆ, ಇನ್ನೊಮ್ಮೆ ಎಬ್ಬಿಸಿ ಉಣಿಸುತ್ತಾನೆ. ದೇವರ ಜೊತೆ ಮಾತು ಆಮೇಲೆ. ಪ್ರಾರ್ಥನೆ ಶುರುವಾಯಿತೆಂದು ಗುಳಿಗೆ ಬಿಡಿಸುವ ಮಾರ್ಗದರ್ಶಕರ ಮಾತನ್ನು ಕೇಳಬೇಡಿ.

ಎರಡೂ ಕಡೆ ಹೋಗುತ್ತಿದ್ದರೆ ಇಬ್ಬರಿಗೂ ಅದು ಗೊತ್ತಿರಲಿ. ಅವರಿಬ್ಬರು ನಿಮ್ಮ ಬಗ್ಗೆ ಮಾತಾಡಬೇಕಾದ ಸಂದರ್ಭ ಬಂದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು. ಯಾವ ವಿಷಯ ಹೇಳಬಹುದು, ಯಾವುದು ಬೇಡ, ಎಷ್ಟು ದಿನದವರೆಗೆ ಎಂದು ಅದರಲ್ಲೇ ಬರೆಯಿರಿ. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು.