ಪದ ಪರಿಚಯ: ಪ್ರವಾದಿ

"ನಾನು ಪ್ರವಾದಿಯಲ್ಲ. ಪ್ರವಾದಿಯ ಮಗನೂ ಅಲ್ಲ. ದನ ಕಾಯುವವನು, ಅತ್ತಿಮರ ನೋಡಿಕೊಳ್ಳುವವನು."

ಹೀಗೆ ಹೇಳಿದವನು ಆಮೋಸ. ಕ್ರಿಸ್ತಪೂರ್ವ 8ನೇ ಶತಮಾನದ ನಡುವಿನ ಮಾತು. ಆದರೆ ಅವನ ಹೆಸರಿನ ಪುಸ್ತಕ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿಗಳ ಸಾಲಿನಲ್ಲೇ ಇದೆ. ಹಾಗಾದರೆ ಅವನು ಬೇಡ ಎಂದದ್ದು ಏನನ್ನು? ಅಲ್ಲಿಂದಲೇ ಶುರು ಮಾಡೋಣ.

ಹೀಬ್ರೂ ಭಾಷೆಯಲ್ಲಿ ಪ್ರವಾದಿಗೆ 'ನಾವೀ' ಎನ್ನುತ್ತಾರೆ. ಅರಬ್ಬಿಯ 'ನಬಿ' ಇದರದೇ ಬಳಗದ ಪದ. ಇನ್ನೂ ಹಳೆಯದಾದ ಅಕ್ಕಾಡಿಯನ್ ಭಾಷೆಯಲ್ಲಿ 'ನಬೂ' ಎಂದರೆ ಕರೆಯುವುದು. ಹಾಗಾಗಿ ನಾವೀ ಎಂದರೆ 'ಕೂಗಿ ಹೇಳುವವನು' ಎಂದು ಕೆಲವರು, 'ಕರೆಸಿಕೊಂಡವನು' ಎಂದು ಇನ್ನು ಕೆಲವರು ಹೇಳುತ್ತಾರೆ. ನನಗಂತೂ ಎರಡೂ ಸರಿ ಅನ್ನಿಸುತ್ತದೆ. ಕರೆ ಬಂದವನೇ ಅಲ್ವಾ ಕೂಗಿ ಹೇಳುವುದು? ಕನ್ನಡದ 'ಪ್ರವಾದಿ'ಯಲ್ಲೂ ಮಾತಾಡುವ ಕೆಲಸವೇ ಇದೆ. ಮುಂದಾಗುವುದನ್ನು ಹೇಳುವವನು ಎಂಬ ಅರ್ಥ ಎರಡು ಪದಗಳ ಮೂಲದಲ್ಲೂ ಇಲ್ಲ.

ಈ ಪದದ ಅರ್ಥ ತುಂಬ ಸರಳವಾಗಿ ಗೊತ್ತಾಗುವುದು ಮೋಶೆಯ ಕಥೆಯಲ್ಲಿ. ಈಜಿಪ್ಟಿನ ಅರಸ ಫರೋಹನ ಮುಂದೆ ಹೋಗಿ ಮಾತಾಡು ಎಂದು ದೇವರು ಹೇಳಿದಾಗ ಮೋಶೆ ಹಿಂಜರಿಯುತ್ತಾನೆ, ನನಗೆ ಮಾತು ಬರುವುದಿಲ್ಲ ಎನ್ನುತ್ತಾನೆ. ಅದಕ್ಕೆ ದೇವರು, ನಿನ್ನ ಅಣ್ಣ ಆರೋನ ನಿನಗೆ 'ನಾವೀ' ಆಗಿರುತ್ತಾನೆ ಎನ್ನುತ್ತಾನೆ. ಅಂದರೆ ಮೋಶೆಯ ಮಾತು, ಆರೋನನ ಬಾಯಿ. ನಾವೀ ಎಂದರೆ ಇಷ್ಟೇ. ಇನ್ನೊಬ್ಬರ ಮಾತಿಗೆ ಬಾಯಾಗುವವನು.

ಕನ್ನಡ ಬೈಬಲ್ ಓದಿದವರಿಗೆ "ಯೆಹೋವನು ಇಂತೆನ್ನುತ್ತಾನೆ" ಎಂಬ ಮಾತು ಗೊತ್ತು. ಯೆಹೋವ ಅಲ್ಲಿ ದೇವರ ಹೆಸರು. ಪ್ರವಾದಿಗಳ ಪುಸ್ತಕಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಆ ಕಾಲದಲ್ಲಿ ರಾಜನ ದೂತರು ಮಾತು ಶುರು ಮಾಡುತ್ತಿದ್ದ ರೀತಿಯೇ ಅದು. ಕ್ರಿ.ಪೂ. 701ರಲ್ಲಿ ಅಶ್ಶೂರದ (ಅಸ್ಸೀರಿಯದ) ಸೈನ್ಯ ಯೆರೂಸಲೇಮಿನ ಹೊರಗೆ ಬಂದು ನಿಂತಿತು. ಅದರ ಅಧಿಕಾರಿ, ಮಹಾರಾಜನಾದ ಅಶ್ಶೂರದ ಅರಸನು ಹೀಗೆನ್ನುತ್ತಾನೆ, ಶರಣಾಗಿ ಎಂದು ಕೂಗಿದ. ಊರೊಳಗಿಂದ ಪ್ರವಾದಿ ಯೆಶಾಯ ಉತ್ತರ ಕಳಿಸಿದ. ಅದು ಶುರುವಾಗುವುದು "ಯೆಹೋವನು ಹೀಗೆನ್ನುತ್ತಾನೆ" ಎಂದು. ಆವತ್ತಿನ ಜನಕ್ಕೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಮ್ಮ ಅರಸನಿಗಿಂತ ದೊಡ್ಡ ಅರಸನ ದೂತ ನಾನು ಎಂದ ಹಾಗಾಯಿತು.

ಭವಿಷ್ಯ ಹೇಳುವವರು ಇರಲಿಲ್ಲವೇ? ಇದ್ದರು. ಅವರಿಗೆ 'ರೋಎ', ಅಂದರೆ ಕಾಣುವವನು, ಎಂಬ ಇನ್ನೊಂದು ಹೆಸರಿತ್ತು. ಸೌಲ ಮುಂದೆ ಅರಸನಾಗುವವನು. ಅವನ ಅಪ್ಪನ ಕತ್ತೆಗಳು ಕಳೆದುಹೋದಾಗ ಅವನು ಹುಡುಕಿಕೊಂಡು ಹೋಗುವುದು ಅಂಥ ಕಾಣುವವನಾದ ಸಮುವೇಲನ ಹತ್ತಿರ. ಬರಿಗೈಯಲ್ಲಿ ಹೋಗಬಾರದು ಎಂದು ಆಳು ಕಾಲು ಶೆಕೆಲ್ (ಆ ಕಾಲದ ಒಂದು ತೂಕ) ಬೆಳ್ಳಿ ತೆಗೆದಿಡುತ್ತಾನೆ. ನಮ್ಮಲ್ಲಿ ಕಣಿ ಕೇಳಲು ಹೋದ ಹಾಗೆ. ಈಗ ನಾವೀ ಎನ್ನುವವನನ್ನು ಹಿಂದೆ ರೋಎ ಎನ್ನುತ್ತಿದ್ದರು ಎಂದು ಆ ಕಥೆಯೇ ಹೇಳುತ್ತದೆ. ಮುಂದೆ ಇದು ಹೊಟ್ಟೆಪಾಡೂ ಆಯಿತು. ಅರಮನೆಗಳಲ್ಲಿ ಪ್ರವಾದಿಗಳ ಗುಂಪುಗಳಿದ್ದವು. ಇಸ್ರಾಯೇಲಿನ ಅಹಾಬ ರಾಜ ಯುದ್ಧಕ್ಕೆ ಹೋಗಲೇ ಎಂದು ಕೇಳಿದಾಗ ಸುಮಾರು 400 ಮಂದಿ ಒಂದೇ ದನಿಯಲ್ಲಿ ಹೋಗು, ಗೆಲ್ಲುತ್ತೀ ಎಂದರು. ಬೇಡ ಎಂದವನು ಒಬ್ಬನೇ. ಅಹಾಬ ಯುದ್ಧದಲ್ಲಿ ಸತ್ತ.

ಈಗ ಆಮೋಸನ ಮಾತಿಗೆ ಬರೋಣ. ಅವನ ಊರು ದಕ್ಷಿಣದ ಯೆಹೂದ ರಾಜ್ಯದ ತೆಕೋವ. ಮಾತಾಡಿದ್ದು ಉತ್ತರದ ಇಸ್ರಾಯೇಲ್ ರಾಜ್ಯದಲ್ಲಿ, ಬೇತೇಲಿನಲ್ಲಿ. ಅಲ್ಲಿ ರಾಜನ ದೇವಾಲಯವಿತ್ತು. ಅದರ ಪೂಜಾರಿ ಅಮಚ್ಯ ಗದರಿಸಿದ: ಯೆಹೂದಕ್ಕೆ ಓಡಿಹೋಗು, ಅಲ್ಲಿ ಪ್ರವಾದನೆ ಮಾಡಿ ಅನ್ನ ತಿನ್ನು. ಅನ್ನದ ಮಾತು ಬಂದದ್ದಕ್ಕೇ ಆಮೋಸ ನಾನು ಪ್ರವಾದಿಯಲ್ಲ ಎಂದದ್ದು. ನನ್ನ ಅನ್ನ ದನಗಳಿಂದ, ಅತ್ತಿಮರದಿಂದ ಬರುತ್ತದೆ, ನನಗೆ ಯಾರ ಹಂಗೂ ಇಲ್ಲ.

ಅವನಿಗೆ ಅಷ್ಟೊಂದು ಸಿಟ್ಟು ಏಕೆ? ಎರಡನೇ ಯಾರೊಬ್ಬಾಮನ ಆಳ್ವಿಕೆ, ಒಳ್ಳೆಯ ಕಾಲ. ರಾಜಧಾನಿ ಸಮಾರ್ಯದಲ್ಲಿ ದಂತದ ಕೆತ್ತನೆಯ ಮನೆಗಳಿದ್ದವು ಎಂದು ಆಮೋಸ ಹೇಳುತ್ತಾನೆ. ಅಲ್ಲಿ ಅಗೆದಾಗ ದಂತದ ಕೆತ್ತನೆಗಳು ನಿಜವಾಗಿಯೂ ಸಿಕ್ಕಿವೆ. ಅದೇ ಊರಿನಲ್ಲಿ ಬಡವನನ್ನು ಒಂದು ಜೊತೆ ಚಪ್ಪಲಿಗೆ ಮಾರುತ್ತಿದ್ದರು. ವ್ಯಾಪಾರಿಗಳು ಹಬ್ಬ ಯಾವಾಗ ಮುಗಿಯುತ್ತದೋ, ಅಂಗಡಿ ತೆರೆಯಬೇಕು ಎಂದು ಕಾಯುತ್ತಿದ್ದರು. ಧಾನ್ಯ ಅಳೆಯುವ ಕೊಳಗ ಸಣ್ಣದು, ಹಣದ ಬೆಳ್ಳಿ ತೂಗುವ ಕಲ್ಲು ದೊಡ್ಡದು, ಗೋಧಿಯ ಜೊತೆ ಕಸವೂ ಮಾರಾಟಕ್ಕೆ. ಆಮೋಸ ಸಾಮಾನ್ಯವಾಗಿ ಅನ್ಯಾಯ ಅನ್ಯಾಯ ಎಂದು ಕೂಗುವುದಿಲ್ಲ. ತಕ್ಕಡಿಯನ್ನೇ ತೋರಿಸುತ್ತಾನೆ. ನನಗೆ ಅವನಲ್ಲಿ ಬಹಳ ಇಷ್ಟವಾಗುವುದು ಅದೇ.

ನಿಮ್ಮ ಹಬ್ಬಗಳು ನನಗೆ ಬೇಡ, ಹಾಡು ಬೇಡ, ನ್ಯಾಯ ನೀರಿನ ಹಾಗೆ ಹರಿಯಲಿ ಎಂದು ದೇವರ ಪರವಾಗಿ ಹೇಳುತ್ತಾನೆ. ನ್ಯಾಯಕ್ಕೆ ಅವನ ಪದ 'ಮಿಷ್ಪಾಟ್'. ಅದರ ಜೊತೆಗೆ 'ತ್ಸೆದಾಕಾ', ಅಂದರೆ ನೀತಿ. ಅದು ಬತ್ತದ ತೊರೆಯಾಗಲಿ ಎನ್ನುತ್ತಾನೆ. ಆ ಸೀಮೆಯ ಬಹಳಷ್ಟು ಹಳ್ಳಗಳು ಮಳೆ ಬಂದಾಗ ಮಾತ್ರ ಹರಿಯುತ್ತವೆ, ಆಮೇಲೆ ಬರೀ ಕಲ್ಲು. ದನ ಕಾಯುವವನಿಗೆ ಬತ್ತದ ತೊರೆಯ ಬೆಲೆ ಗೊತ್ತಿರುತ್ತದೆ.

ಯೆಶಾಯ ಇದೇ ಎರಡು ಪದಗಳ ಮೇಲೆ ಪ್ರಾಸ ಕಟ್ಟುತ್ತಾನೆ. ದೇವರು ಮಿಷ್ಪಾಟ್ ಬಯಸಿದ, ಸಿಕ್ಕಿದ್ದು 'ಮಿಸ್ಪಾಖ್', ರಕ್ತಪಾತ. ತ್ಸೆದಾಕಾ ಬಯಸಿದ, ಕೇಳಿದ್ದು 'ತ್ಸೆಆಕಾ', ನೊಂದವರ ಕೂಗು. ಉತ್ತರದವನೇ ಆದ ಹೋಶೇಯ, ಜನ ದೇವರನ್ನು ಬಿಟ್ಟದ್ದನ್ನು ಮುರಿದ ದಾಂಪತ್ಯದ ನೋವಾಗಿ ಹೇಳುತ್ತಾನೆ. ಕ್ರಿ.ಪೂ. 722ರ ಹೊತ್ತಿಗೆ ಸಮಾರ್ಯ ಅಶ್ಶೂರದ ಕೈಗೆ ಬಿತ್ತು. ಯೆಹೂದದ ರಾಜಧಾನಿ ಯೆರೂಸಲೇಮನ್ನು ಬಾಬೆಲಿನವರು (ಬ್ಯಾಬಿಲೋನಿಯದವರು) 597ರಲ್ಲಿ ಹಿಡಿದರು, 586ರಲ್ಲಿ ದೇವಾಲಯ ಸಮೇತ ಸುಟ್ಟರು. ಜನರನ್ನು ಬಾಬೆಲಿಗೆ ಒಯ್ದ ಈ ಘಟನೆಯೇ 'ಸೆರೆ'. ಆಮೋಸ, ಹೋಶೇಯ, ಯೆಶಾಯ, ಮೀಕ ಅದಕ್ಕೆ ಬಹಳ ಮುಂಚಿನವರು. ಚೆಫನ್ಯ, ನಹೂಮ, ಹಬಕ್ಕೂಕ, ಯೆರೆಮೀಯ ಅದರ ಹೊಸ್ತಿಲಿನವರು.

ನಾಶ ಬರುತ್ತದೆ ಎಂದು ಇವರಲ್ಲಿ ಹಲವರು ಎಚ್ಚರಿಸಿದ್ದರು. ಅವರು ಹೇಳಿದ್ದು ನಡೆಯಿತು, ಅಂದರೆ ಭವಿಷ್ಯ ಹೇಳಿದ ಹಾಗೇ ಆಯಿತಲ್ಲ ಎನ್ನಬಹುದು. ಅದಕ್ಕೆ ಒಂದು ಪ್ರಸಂಗ ಹೇಳಬೇಕು. ಹಳ್ಳಿಯವನಾದ ಮೀಕ, ಚೀಯೋನ್ (ಯೆರೂಸಲೇಮಿನ ಗುಡ್ಡ) ಹೊಲದ ಹಾಗೆ ಉಳಲ್ಪಡುತ್ತದೆ ಎಂದಿದ್ದ. ಅವನ ಕಾಲದಲ್ಲಿ ಹಾಗಾಗಲಿಲ್ಲ. ಸುಮಾರು ನೂರು ವರ್ಷದ ಮೇಲೆ ಯೆರೆಮೀಯ ದೇವಾಲಯದ ಅಂಗಳದಲ್ಲಿ ನಿಂತು ಅಂಥದ್ದೇ ಮಾತು ಹೇಳಿದ. ಪೂಜಾರಿಗಳೂ ಉಳಿದ ಪ್ರವಾದಿಗಳೂ ಅವನನ್ನು ಹಿಡಿದು, ಸಾಯಲೇಬೇಕು ಎಂದರು. ಆಗ ಊರಿನ ಹಿರಿಯರು ಎದ್ದು ಮೀಕನನ್ನು ನೆನಪಿಸಿದರು. ಹಿಜ್ಕೀಯ ರಾಜ ಅವನನ್ನು ಕೊಂದನೇ? ಇಲ್ಲ, ದೇವರಿಗೆ ಹೆದರಿದ, ಕೇಡು ತಪ್ಪಿತು ಎಂದರು.

ಮೀಕನ ಮಾತು ಸುಳ್ಳಾಯಿತು ಎಂದು ಆ ಹಿರಿಯರಲ್ಲಿ ಒಬ್ಬರೂ ಹೇಳಲಿಲ್ಲ. ಆ ಮಾತನ್ನು ಜನ ಕಿವಿಗೆ ಹಾಕಿಕೊಂಡರು, ಅದಕ್ಕೇ ಅದು ನಡೆಯಲಿಲ್ಲ ಎಂಬುದು ಅವರ ಲೆಕ್ಕ. ಪ್ರವಾದಿಯ ಎಚ್ಚರಿಕೆಯೊಳಗೆ ಒಂದು 'ತಿದ್ದಿಕೊಳ್ಳದಿದ್ದರೆ' ಯಾವಾಗಲೂ ಇರುತ್ತದೆ. ಕಣಿ ಹೇಳುವವನಿಗೂ ನಾವೀಗೂ ಇರುವ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಈ ಪುಟದಲ್ಲಿ. ಯೆರೆಮೀಯ ಉಳಿದುಕೊಂಡ. ಅದೇ ಮಾತು ಹೇಳಿದ ಊರೀಯ ಎಂಬವನು ಈಜಿಪ್ಟಿಗೆ ಓಡಿದ್ದ. ಅವನನ್ನು ಹಿಡಿದು ತರಿಸಿ ಯೆಹೋಯಾಕೀಮ ರಾಜ ಕೊಲ್ಲಿಸಿದ.

ಯೆರೆಮೀಯನ ಮಾತನ್ನು ರಾಜರು ಕೇಳಲಿಲ್ಲ. ಅವನ ಮಾತುಗಳ ಸುರುಳಿಯನ್ನು ಯೆಹೋಯಾಕೀಮ ಚೂರಿಯಿಂದ ಕತ್ತರಿಸಿ ಚಳಿ ಕಾಯಿಸುವ ಬೆಂಕಿಗೆ ಹಾಕಿದ. ಯೆರೆಮೀಯ ತನ್ನ ಲಿಪಿಕಾರ ಬಾರೂಕನಿಂದ ಮತ್ತೆ ಬರೆಸಿದ, ಇನ್ನಷ್ಟು ಸೇರಿಸಿ. ಕೊನೆಗೆ ಬಾಬೆಲಿನ ಸೈನ್ಯ ಊರನ್ನು ಸುತ್ತುವರಿದಾಗ ಅವನು ಕಾವಲಿನ ಅಂಗಳದಲ್ಲಿ ಬಂಧಿಯಾಗಿದ್ದ. ಆಗ ದಾಯಾದಿ ಹನಮೇಲ ಬಂದು, ನಮ್ಮೂರು ಅನಾತೋತಿನ ಹೊಲ ಕೊಂಡುಕೋ ಎಂದ. ಊರು ಬೀಳುತ್ತದೆ ಎಂದು ವರ್ಷಗಟ್ಟಲೆ ಸಾರಿದವನು ಈಗ ಆ ಹೊಲ ಕೊಂಡ. ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳನ್ನು ಜನ ಮತ್ತೆ ಕೊಳ್ಳುತ್ತಾರೆ ಎಂದ. 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಸಾಕ್ಷಿಗಳ ಮುಂದೆ ಕ್ರಯಪತ್ರ ಆಯಿತು. ಬಹಳ ದಿನ ಉಳಿಯುವಂತೆ ಅದನ್ನು ಮಣ್ಣಿನ ಮಡಕೆಯಲ್ಲಿಡು ಎಂದು ಬಾರೂಕನಿಗೆ ಹೇಳಿದ. ಆ ಹೊತ್ತಿಗೆ ಶತ್ರುಗಳು ಊರಿನ ಗೋಡೆಗೆ ಮಣ್ಣಿನ ದಿಬ್ಬ ಏರಿಸಿದ್ದರು.