ಮೂರು ಮೂಲೆಯ ಎಂಜಿನ್, ಹಿರೋಶಿಮಾದ ಹಠ

ನಮ್ಮ ಕಡೆ ಮಜ್ದಾ ಅಂದರೆ ಜನರಿಗೆ ನೆನಪಾಗುವುದು ಕಾರಲ್ಲ, ವ್ಯಾನು. ಸ್ಕೂಲ್ ಮಕ್ಕಳನ್ನು ತುಂಬಿಕೊಂಡು ಓಡಾಡುತ್ತಿದ್ದ, ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಸಿಗುತ್ತಿದ್ದ ಸ್ವರಾಜ್ ಮಜ್ದಾ. 1980ರ ದಶಕದಲ್ಲಿ ಪಂಜಾಬಿನ ಟ್ರ್ಯಾಕ್ಟರ್ ಕಂಪನಿಯೊಂದು ಜಪಾನಿನವರ ಜತೆ ಸೇರಿ ಶುರು ಮಾಡಿದ ಗಾಡಿ ಅದು. ಆಮೇಲೆ ಮಜ್ದಾದವರು ಪಾಲು ಬಿಟ್ಟು ಹೋದರು. 2011ರಲ್ಲಿ ಕಂಪನಿಯ ಹೆಸರಿನಿಂದಲೂ ಆ ಪದ ಹೋಯಿತು. ಡೀಸೆಲ್ ಎಂಜಿನ್ ಇದ್ದ ದುಡಿಯುವ ಗಾಡಿ, ಅಷ್ಟೆ. ಇದೇ ಹೆಸರಿನ ಕಂಪನಿ ಪಿಸ್ಟನ್ನೂ ಇಲ್ಲದ, ವಾಲ್ವೂ ಇಲ್ಲದ ಎಂಜಿನ್ ಕಟ್ಟಿ, ಫ್ರಾನ್ಸಿನ 24 ಗಂಟೆಯ ಲೆ ಮಾನ್ ಕಾರ್ ರೇಸ್ ಗೆದ್ದಿದೆ ಅಂದರೆ ಆ ವ್ಯಾನು ಓಡಿಸಿದವರೇ ನಂಬುವುದಿಲ್ಲ.

ನನ್ನ ಕೆಲಸ ಎಂಜಿನ್ ರೀಬಿಲ್ಡ್ ಮಾಡುವುದು. ಹೆಡ್ ಇಳಿಸುವುದು, ಬೋರ್ ಮಾಡಿಸುವುದು, ರಿಂಗ್ ಬದಲಿಸುವುದು. "ಆಯಿಲ್ ಕುಡೀತಿದೆ ಸಾರ್, ಪಿಕಪ್ಪೇ ಇಲ್ಲ" ಅಂತ ಗಾಡಿ ಬಂದರೆ ನಾನು ಮೊದಲು ಹುಡುಕುವುದು ಒಂದನ್ನೇ: ಕಂಪ್ರೆಷನ್, ಅಂದರೆ ಎಂಜಿನ್ ಒಳಗೆ ಗಾಳಿ ಒತ್ತಿಕೊಂಡ ಒತ್ತಡ, ಎಲ್ಲಿ ಸೋರುತ್ತಿದೆ? ಹಾಗಾಗಿ ಮಜ್ದಾ ಕಥೆ ಬೇರೆಯವರಿಗೆ ಸ್ಪೋರ್ಟ್ಸ್ ಕಾರಿನ ಕಥೆ ಇರಬಹುದು. ನನಗೆ ಅದು ಆ ಸೋರಿಕೆ ತಡೆಯುವ ಬೆರಳುದ್ದದ ಒಂದು ಸೀಲಿನ ಕಥೆ.

ಕಂಪನಿ ಹುಟ್ಟಿದ್ದು 1920ರಲ್ಲಿ, ಹಿರೋಶಿಮಾದಲ್ಲಿ. ಆಗ ಅವರು ಮಾಡುತ್ತಿದ್ದದ್ದು ಬಾಟಲಿ ಬಿರಡೆಗೆ ಬಳಸುವಂಥ ಕಾರ್ಕ್. ಹೆಸರು ತೋಯೊ ಕಾರ್ಕ್ ಕೋಗ್ಯೊ. ಮರುವರ್ಷ ಅದರ ಚುಕ್ಕಾಣಿ ಹಿಡಿದ ಜುಜಿರೊ ಮತ್ಸುದಾ ಮೀನುಗಾರನ ಮಗ. ಸಣ್ಣ ವಯಸ್ಸಿಗೇ ಕಮ್ಮಾರನ ಬಳಿ ಕೆಲಸಕ್ಕೆ ಸೇರಿ, ಮುಂದೆ ಪಂಪ್ ತಯಾರಿಸಿ ಹೆಸರು ಮಾಡಿದ್ದವನು. ಕಬ್ಬಿಣದ ರುಚಿ ಹತ್ತಿದವನಿಗೆ ಕಾರ್ಕ್ ಎಷ್ಟು ದಿನ ಹಿಡಿಸೀತು? ಯಂತ್ರೋಪಕರಣಗಳಿಗೆ ಕೈಹಾಕಿದ. 1931ರಲ್ಲಿ ಮಜ್ದಾ-ಗೊ ಅನ್ನುವ ಮೂರು ಚಕ್ರದ ಟ್ರಕ್ ಹೊರತಂದ. ಮುಂದೆ ಮೋಟಾರ್ ಸೈಕಲ್ಲು, ಹಿಂದೆ ಸಾಮಾನು ಹೊರುವ ತೊಟ್ಟಿ. ನಮ್ಮ ಲಗೇಜ್ ಆಟೋದ ಹಿರಿಯಣ್ಣ ಅನ್ನಿ.

1945ರ ಆಗಸ್ಟ್ 6 ಜುಜಿರೊನ ಎಪ್ಪತ್ತನೇ ಹುಟ್ಟುಹಬ್ಬ. ಅವತ್ತು ಬೆಳಗ್ಗೆಯೇ ಊರ ಮೇಲೆ ಅಣುಬಾಂಬ್ ಬಿತ್ತು. ಕಾರ್ಖಾನೆ ಇದ್ದದ್ದು ನಗರದ ಪೂರ್ವದ ಅಂಚಿನ ಫುಚುವಿನಲ್ಲಿ. ನಡುವೆ ಹಿಜಿಯಾಮ ಎಂಬ ಗುಡ್ಡ ಅಡ್ಡ ಇತ್ತು. ಕಟ್ಟಡಗಳಿಗೆ ಪೆಟ್ಟು ಬಿದ್ದರೂ ನಿಂತುಕೊಂಡವು. ಗಾಯಾಳುಗಳಿಗೆ ಚಿಕಿತ್ಸೆ ನಡೆದದ್ದು ಅಲ್ಲಿ. ಊರಲ್ಲಿ ಕಚೇರಿ ಅನ್ನುವುದೇ ಉಳಿಯದಿದ್ದಾಗ ಪ್ರಾಂತ್ಯದ ಸರ್ಕಾರವೂ ಕೆಲವು ತಿಂಗಳು ಆ ಕಾರ್ಖಾನೆಯಲ್ಲೇ ಕೂತು ಕೆಲಸ ಮಾಡಿತು. ಅದೇ ಡಿಸೆಂಬರ್‌ನಲ್ಲಿ ಮೂರು ಚಕ್ರದ ಟ್ರಕ್ ಮತ್ತೆ ತಯಾರಾಗತೊಡಗಿತು. ನಾಲ್ಕೇ ತಿಂಗಳು! ಊರು ಮತ್ತೆ ಕಟ್ಟಲು ಇಟ್ಟಿಗೆ, ಮರ ಸಾಗಿಸುವ ಗಾಡಿ ಬೇಕಿತ್ತು. ಈ ಕಂಪನಿ ಹಿರೋಶಿಮಾ ಬಿಟ್ಟು ಕದಲದೇ ಇರುವುದಕ್ಕೆ ಲೆಕ್ಕಪತ್ರದಲ್ಲಿ ಕಾರಣ ಸಿಗುವುದಿಲ್ಲ ಅನ್ನುವುದು ನನ್ನ ಅಂದಾಜು.

ಇನ್ನು ಎಂಜಿನ್ ವಿಷಯಕ್ಕೆ ಬರೋಣ.

1960ರ ಹೊತ್ತಿಗೆ ಜಪಾನ್ ಸರ್ಕಾರಕ್ಕೆ ಒಂದು ಯೋಚನೆ ಇತ್ತು. ದೇಶದಲ್ಲಿ ಕಾರು ಕಂಪನಿಗಳು ಜಾಸ್ತಿಯಾಗಿವೆ, ಸಣ್ಣವನ್ನೆಲ್ಲ ದೊಡ್ಡವರ ಜತೆ ಸೇರಿಸಿಬಿಡೋಣ ಅಂತ. ಆಗ ಕಂಪನಿ ನಡೆಸುತ್ತಿದ್ದದ್ದು ತ್ಸುನೆಜಿ ಮತ್ಸುದಾ. ಬೇರೆ ಯಾರ ಬಳಿಯೂ ಇಲ್ಲದ್ದು ತಮ್ಮ ಬಳಿ ಇರಬೇಕು, ಇಲ್ಲದಿದ್ದರೆ ಉಳಿಗಾಲವಿಲ್ಲ ಅನ್ನುವುದು ಅವರ ಲೆಕ್ಕ. ಜರ್ಮನಿಯ ಎನ್‌ಎಸ್‌ಯು ಕಂಪನಿ ಫೆಲಿಕ್ಸ್ ವಾಂಕೆಲ್ ಕಲ್ಪಿಸಿದ ರೋಟರಿ ಎಂಜಿನ್ ಮೇಲೆ ಕೆಲಸ ಮಾಡುತ್ತಿತ್ತು. 1961ರಲ್ಲಿ ಮಜ್ದಾ ಅದರ ಲೈಸೆನ್ಸ್ ಪಡೆಯಿತು.

ರೋಟರಿ ಅಂದರೆ ಏನು? ಎರಡು ಬೀಜದ ಕಡಲೆಕಾಯಿಯಂತೆ ನಡು ಸ್ವಲ್ಪ ಬಾಗಿದ ಒಂದು ಹೌಸಿಂಗ್. ಒಳಗೆ ಉಬ್ಬಿದ ಬದಿಗಳ ಮೂರು ಮೂಲೆಯ ರೋಟರ್. ಅದು ಓಲಾಡುತ್ತಾ ಸುತ್ತುವಾಗ ಮೂರು ಮೂಲೆಯೂ ಸದಾ ಗೋಡೆಗೆ ಅಂಟಿಕೊಂಡೇ ಇರುತ್ತವೆ. ರೋಟರ್‌ಗೂ ಗೋಡೆಗೂ ನಡುವೆ ಮೂರು ಜಾಗ ಆಗುತ್ತವೆ. ರೋಟರ್ ತಿರುಗಿದಂತೆ ಆ ಜಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಹಿಗ್ಗುವಾಗ ಪೆಟ್ರೋಲ್ ಮತ್ತು ಗಾಳಿ ಒಳಗೆ ಬರುತ್ತದೆ, ಕುಗ್ಗುವಾಗ ಒತ್ತಿಕೊಳ್ಳುತ್ತದೆ, ಪ್ಲಗ್ ಕಿಡಿ ಕೊಡುತ್ತದೆ, ಉರಿದ ಹೊಗೆ ಆಚೆ ಹೋಗುತ್ತದೆ. ಕನೆಕ್ಟಿಂಗ್ ರಾಡ್ ಇಲ್ಲ, ಕ್ಯಾಮ್ ಶಾಫ್ಟ್ ಇಲ್ಲ, ಟ್ಯಾಪೆಟ್ ಸೆಟ್ಟಿಂಗ್ ಗೋಳಿಲ್ಲ. ಮೇಲೆ ಕೆಳಗೆ ಬಡಿದಾಡುವ ಭಾಗವೇ ಇಲ್ಲ. ಅದಕ್ಕೇ ನಡುಕ ಇಲ್ಲ. ಮಾಮೂಲಿ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಬಲ ಕೊಟ್ಟರೆ, ಇಲ್ಲಿ ಒಂದು ರೋಟರ್ ಶಾಫ್ಟ್‌ನ ಪ್ರತಿ ಸುತ್ತಿಗೂ ಕೊಡುತ್ತದೆ. ಸಣ್ಣ ಎಂಜಿನ್, ಜಾಸ್ತಿ ಪವರ್.

ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ? ತೊಂದರೆ ಇರುವುದು ಆ ಮೂರು ಮೂಲೆಗಳಲ್ಲಿ.

ಪಿಸ್ಟನ್ ರಿಂಗ್‌ಗೆ ಬದುಕು ಸುಲಭ. ಅದು ದುಂಡಗಿದೆ, ಗೋಡೆಯೂ ದುಂಡಗಿದೆ. ಗೋಡೆಯ ಮೇಲೆ ಆಯಿಲ್ ಪದರ ಇದೆ, ಕೆಳಗಿನಿಂದ ಆಯಿಲ್ ಚಿಮ್ಮುತ್ತಲೇ ಇರುತ್ತದೆ. ರೋಟರ್‌ನ ಮೂಲೆಯಲ್ಲಿ ಕೂರುವ ಅಪೆಕ್ಸ್ ಸೀಲ್ ಹಾಗಲ್ಲ. ಅದು ಕೆಲವೇ ಮಿಲಿಮೀಟರ್ ದಪ್ಪದ ಒಂದು ನೇರ ಪಟ್ಟಿ. ಗೋಡೆಯನ್ನು ಮುಟ್ಟುವುದು ಒಂದು ಗೆರೆಯಷ್ಟು ಮಾತ್ರ. ಹಿಂದಿನಿಂದ ಒಂದು ಸ್ಪ್ರಿಂಗ್ ತಳ್ಳುತ್ತಿರುತ್ತದೆ. ಗೋಡೆಯ ಬಾಗು ಬದಲಾದ ಹಾಗೆ ಅದು ಒರಗುವ ಕೋನವೂ ಬದಲಾಗುತ್ತಲೇ ಇರುತ್ತದೆ. ಮೇಲಾಗಿ, ಪೆಟ್ರೋಲ್ ಉರಿಯುವುದು ಹೌಸಿಂಗ್‌ನ ಒಂದೇ ಬದಿಯಲ್ಲಿ. ಆ ಬದಿ ಸದಾ ಬಿಸಿ, ತಣ್ಣನೆ ಗಾಳಿ ಎಳೆದುಕೊಳ್ಳುವ ಬದಿ ಸದಾ ತಂಪು. ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಇಂಥ ಗೋಡೆಯ ಮೇಲೆ ಆ ಪಟ್ಟಿ ಒಂದು ಕ್ಷಣವೂ ಬಿಡದೆ ಅಂಟಿಕೊಂಡಿರಬೇಕು.

ಹಿರೋಶಿಮಾದಲ್ಲಿ ಮೊದಲ ಎಂಜಿನ್‌ಗಳನ್ನು ಓಡಿಸಿ ಬಿಚ್ಚಿದಾಗ ಗೋಡೆಯ ತುಂಬ ಸಾಲು ಸಾಲು ಅಡ್ಡಗೆರೆ. ಅದನ್ನು ಅವರು 'ದೆವ್ವದ ಉಗುರಿನ ಗೀರು' ಅಂದರು. ಇದರ ಜತೆ ಬಿಳಿ ಹೊಗೆ, ವಿಪರೀತ ಆಯಿಲ್ ಖರ್ಚು. 1963ರಲ್ಲಿ ಕೆನಿಚಿ ಯಮಮೊತೊ ಮುಂದಾಳತ್ವದಲ್ಲಿ 47 ಎಂಜಿನಿಯರುಗಳ ಪ್ರತ್ಯೇಕ ವಿಭಾಗವೇ ಶುರುವಾಯಿತು. ಒಡೆಯನಿಗಾಗಿ ಪ್ರಾಣ ಕೊಟ್ಟ 47 ಸಮುರಾಯಿಗಳ ಕಥೆ ಜಪಾನಿನಲ್ಲಿ ಮನೆಮಾತು. ಇವರಿಗೂ ಅದೇ ಹೆಸರು ಅಂಟಿತು.

ಅವರು ಕಂಡುಕೊಂಡದ್ದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. ಸೀಲ್ ಮೆದುವಾಗಿದೆ, ಅದಕ್ಕೇ ಸವೆಯುತ್ತಿದೆ ಅನ್ನುವುದು ಯಾರಿಗಾದರೂ ಹೊಳೆಯುವ ಉತ್ತರ. ನಿಜವಾದ ಕಾರಣ ನಡುಕ. ಯಾವುದೇ ಲೋಹದ ಪಟ್ಟಿಗೆ ತನ್ನದೇ ಒಂದು ಕಂಪನದ ವೇಗ ಇರುತ್ತದೆ. ಗೋಡೆಯ ಉಜ್ಜಾಟ ಅದಕ್ಕೆ ತಾಳೆಯಾದರೆ ಸೀಲ್ ಅದುರಲು ಶುರುವಾಗುತ್ತದೆ. ಗೋಡೆ ಬಿಟ್ಟು ಎಗರುತ್ತದೆ, ಮತ್ತೆ ಬಡಿಯುತ್ತದೆ. ಆ ಬಡಿತಗಳ ಗುರುತೇ ಗೀರುಗಳು. ಪಟ್ಟಿಯ ಒಳಗೆ ಉದ್ದಕ್ಕೂ ಅಡ್ಡಕ್ಕೂ ತೂತು ಕೊರೆದು ಆ ಕಂಪನವನ್ನೇ ಬದಲಿಸಿದರು. ಗೀರು ನಿಂತಿತು. ಕೊನೆಗೆ ಮಾರಾಟದ ಕಾರಿಗೆ ಇಂಗಾಲದೊಳಗೆ ಅಲ್ಯುಮಿನಿಯಂ ಇಳಿಸಿ ಮಾಡಿದ ಸೀಲ್ ಹಾಕಿದರು.

1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಬಂತು. ಎರಡು ರೋಟರ್, ಒಟ್ಟು 982 ಸಿಸಿ, 110 ಅಶ್ವಶಕ್ತಿ. ಮರುವರ್ಷ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ 84 ಗಂಟೆಯ ಓಟಕ್ಕೆ ಇಳಿದು ನಾಲ್ಕನೇ ಸ್ಥಾನ ಪಡೆಯಿತು. ಅತ್ತ, ಲೈಸೆನ್ಸ್ ಕೊಟ್ಟ ಎನ್‌ಎಸ್‌ಯು ಅದೇ 1967ರಲ್ಲಿ ಆರ್‌ಒ 80 ಅನ್ನುವ ಚೆಂದದ ಕಾರು ತಂದಿತ್ತು. ಸೀಲ್ ಸವೆದು ವಾರಂಟಿಯಲ್ಲಿ ಎಂಜಿನ್ ಬದಲಿಸಿ ಬದಲಿಸಿಯೇ ಸುಸ್ತಾಯಿತು. 1969ರಲ್ಲಿ ಫೋಕ್ಸ್‌ವ್ಯಾಗನ್ ಅದನ್ನು ನುಂಗಿಕೊಂಡಿತು.

ಹಾಗಂತ ಮಜ್ದಾ ಗೆದ್ದುಬಿಟ್ಟಿತು ಅಂದುಕೊಳ್ಳಬೇಡಿ. ರೋಟರಿಗೆ ಇನ್ನೊಂದು ಕಾಯಿಲೆ ಇದೆ, ಅದು ಹುಟ್ಟಿನಿಂದಲೇ ಬಂದದ್ದು. ಉರಿಯುವ ಜಾಗ ಉದ್ದ ಮತ್ತು ತೆಳ್ಳಗೆ. ಬೆಂಕಿ ಮೂಲೆ ಮುಟ್ಟುವುದರೊಳಗೆ ರೋಟರ್ ಮುಂದೆ ಹೋಗಿರುತ್ತದೆ. ಸುತ್ತ ಲೋಹ ಜಾಸ್ತಿ, ಹಾಗಾಗಿ ಬಿಸಿಯೂ ಅಲ್ಲೇ ಪೋಲು. ಉರಿಯದ ಪೆಟ್ರೋಲ್ ಹೊಗೆಯ ಜತೆ ಆಚೆ ಹೋಗುತ್ತದೆ. ಅಮೆರಿಕದ ಹೊಗೆ ನಿಯಮಕ್ಕೆ ತಲೆಬಾಗಲು ಮಜ್ದಾದವರು ಆ ಉಳಿಕೆ ಪೆಟ್ರೋಲನ್ನು ಸೈಲೆನ್ಸರ್ ದಾರಿಯಲ್ಲಿ ಮತ್ತೆ ಉರಿಸುವ ಥರ್ಮಲ್ ರಿಯಾಕ್ಟರ್ ಕೂರಿಸಿದರು. ಟೆಸ್ಟ್ ಪಾಸಾಯಿತು, ಮೈಲೇಜ್ ಹೋಯಿತು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು. ಅಮೆರಿಕದಲ್ಲಿ ಕಾರುಗಳು ಮಾರಾಟವಾಗದೆ ನಿಂತವು. ಸುಮಿತೊಮೊ ಬ್ಯಾಂಕ್ ಕೈಹಿಡಿಯಿತು. ಕಾರ್ಖಾನೆಯಲ್ಲಿ ಸ್ಪ್ಯಾನರ್ ಹಿಡಿದಿದ್ದ ಸಾವಿರಾರು ಕೆಲಸಗಾರರು ಮನೆಮನೆಗೆ ಹೋಗಿ ಕಾರು ಮಾರಿದರು. 1979ರಲ್ಲಿ ಫೋರ್ಡ್ ಸುಮಾರು ಕಾಲು ಪಾಲು ಕೊಂಡಿತು.

ಬೇರೆ ಯಾರಾದರೂ ಆಗಿದ್ದರೆ ರೋಟರಿಯನ್ನು ಗುಜರಿಗೆ ಹಾಕುತ್ತಿದ್ದರು. ಇವರು 1978ರಲ್ಲಿ ಆರ್‌ಎಕ್ಸ್-7 ಅನ್ನುವ ರೋಟರಿ ಸ್ಪೋರ್ಟ್ಸ್ ಕಾರು ತಂದರು. ಲೆಕ್ಕ ಸರಿಯಾಗಿತ್ತು: ಮೈಲೇಜ್ ಕೇಳುವವರಿಗೆ ಪಿಸ್ಟನ್ ಎಂಜಿನ್, ಓಡಿಸುವ ಹುಚ್ಚು ಇದ್ದವರಿಗೆ ರೋಟರಿ.

1991ರ ಲೆ ಮಾನ್ 24 ಗಂಟೆ ರೇಸ್ ಬಗ್ಗೆ ಒಂದು ಮಾತು. ಕಿತ್ತಳೆ-ಹಸಿರು ಬಣ್ಣದ 55ನೇ ನಂಬರಿನ ಮಜ್ದಾ 787ಬಿ, ನಾಲ್ಕು ರೋಟರ್, ಸೆರಾಮಿಕ್ ಅಪೆಕ್ಸ್ ಸೀಲ್. ಓಡಿಸಿದವರು ಜಾನಿ ಹರ್ಬರ್ಟ್, ಫೋಲ್ಕರ್ ವೈಡ್ಲರ್, ಬರ್ಟ್ರಾಂಡ್ ಗಾಶೊ. ಒಟ್ಟು 362 ಸುತ್ತು. ಮುಂದಿದ್ದ ಮರ್ಸಿಡಿಸ್ ಕೊನೆಯ ಕೆಲವು ಗಂಟೆಗಳಲ್ಲಿ ಎಂಜಿನ್ ಬಿಸಿಯಾಗಿ ನಿಂತಿತು. ಮಜ್ದಾ ನಿಲ್ಲಲಿಲ್ಲ. ನಿಯಮವೂ ಅವರಿಗೆ ಅನುಕೂಲ ಮಾಡಿತ್ತು ಅನ್ನುವುದನ್ನು ಅಭಿಮಾನಿಗಳು ಮರೆಯುತ್ತಾರೆ. ಜಾಗ್ವಾರ್, ಮರ್ಸಿಡಿಸ್‌ಗಳು 1,000 ಕೆ.ಜಿ. ಹೊತ್ತು ಓಡಬೇಕಿತ್ತು, ಮಜ್ದಾಗೆ 830 ಸಾಕಿತ್ತು. ಅದನ್ನು ಅವರು ಮಾತುಕತೆಯಲ್ಲಿ ಗಿಟ್ಟಿಸಿಕೊಂಡಿದ್ದರು. ಆದರೂ 24 ಗಂಟೆ ಸೀಲ್ ತಡೆದುಕೊಂಡದ್ದು ಯಾರ ಕೃಪೆಯಿಂದಲೂ ಅಲ್ಲ. ಲೆ ಮಾನ್ ಗೆದ್ದ ಮೊದಲ ಜಪಾನೀ ಕಂಪನಿ ಅದು. ಇನ್ನೊಂದು ಜಪಾನೀ ಕಂಪನಿ, ಟೊಯೊಟಾ, ಗೆಲ್ಲಲು 2018 ಆಗಬೇಕಾಯಿತು.

ಎಂಎಕ್ಸ್-5 ಬಗ್ಗೆ ಇಂಟರ್‌ನೆಟ್ ತುಂಬ ಹೊಗಳಿಕೆ ಇದೆ, ನಾನು ಬೇರೆ ಸೇರಿಸಬೇಕಿಲ್ಲ. 1989ರಲ್ಲಿ ಶಿಕಾಗೋದಲ್ಲಿ ತೋರಿಸಿದರು, 2016ಕ್ಕೆ ಹತ್ತು ಲಕ್ಷ ದಾಟಿತು. ಎರಡು ಸೀಟು, ಟಾಪ್ ತೆಗೆಯುವ ಹಗುರ ಕಾರು. ಒಂದು ವಿಷಯ ಮಾತ್ರ ಹೇಳುತ್ತೇನೆ. ಗೇರ್‌ಬಾಕ್ಸಿಗೂ ಹಿಂದಿನ ಡಿಫರೆನ್ಷಿಯಲ್ಲಿಗೂ ನಡುವೆ ಒಂದು ಅಲ್ಯುಮಿನಿಯಂ ಫ್ರೇಮ್ ಬಿಗಿದಿದ್ದಾರೆ. ಆಕ್ಸಿಲರೇಟರ್ ಒತ್ತಿದಾಗ ಜರ್ಕ್ ಇಲ್ಲದೆ, ತಡ ಇಲ್ಲದೆ ಗಾಡಿ ಎಳೆಯುವುದು ಅದರಿಂದ. ಬರೀ 1600 ಸಿಸಿ ಕಾರನ್ನು ಜನ ಅಷ್ಟು ಇಷ್ಟಪಡಲು ಇಂಥ ಸಣ್ಣ ಕೆಲಸಗಳೇ ಕಾರಣ.

ನನ್ನಂಥವರಿಗೆ ಹೆಚ್ಚು ರುಚಿಸುವುದು ಆಮೇಲೆ ಮಜ್ದಾ ಮಾಡಿದ ಸ್ಕೈಆಕ್ಟಿವ್ ಅನ್ನುವ ಪಿಸ್ಟನ್ ಎಂಜಿನ್‌ಗಳು. 2008ರಲ್ಲಿ ಫೋರ್ಡ್ ತನ್ನ ಪಾಲಿನ ಬಹುಭಾಗ ಮಾರಿತು. ಟೊಯೊಟಾ ಹೈಬ್ರಿಡ್‌ಗೆ ಹಣ ಸುರಿಯುತ್ತಿತ್ತು, ಮಜ್ದಾ ಬಳಿ ಅಷ್ಟಿರಲಿಲ್ಲ. ಸರಿ, ಇರುವ ಎಂಜಿನ್ನನ್ನೇ ತಿದ್ದೋಣ ಅಂತ ಕೂತರು. ಪೆಟ್ರೋಲ್ ಎಂಜಿನ್ ಕಂಪ್ರೆಷನ್ನನ್ನು 14:1ಕ್ಕೆ (ಹದಿನಾಲ್ಕು ಪಾಲು ಜಾಗದ ಗಾಳಿಯನ್ನು ಒಂದು ಪಾಲಿಗೆ ಒತ್ತುವುದು) ಏರಿಸಿದರು, ಡೀಸೆಲ್ ಎಂಜಿನ್‌ದನ್ನು ಅದೇ 14:1ಕ್ಕೆ ಇಳಿಸಿದರು. ಈ ಕೆಲಸದಲ್ಲಿ ಇರುವವರಿಗೆ ಎರಡೂ ತಲೆಕೆಳಗು ಅನಿಸುತ್ತದೆ.

ಪೆಟ್ರೋಲ್‌ನಲ್ಲಿ ಕಂಪ್ರೆಷನ್ ಏರಿಸಿದರೆ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು. ಘಾಟಿ ಹತ್ತುವಾಗ ಕಟಕಟ ಅನ್ನುವ ಸದ್ದು ಕೇಳಿರುತ್ತೀರಿ. ಹಿಂದಿನ ಸುತ್ತಿನ ಬಿಸಿ ಹೊಗೆ ಸಿಲಿಂಡರ್‌ನಲ್ಲಿ ಉಳಿದರೆ ನಾಕಿಂಗ್ ಇನ್ನೂ ಜಾಸ್ತಿ. ಅದಕ್ಕೆ ಎಕ್ಸಾಸ್ಟ್ ಪೈಪುಗಳನ್ನು ಉದ್ದ ಮಾಡಿ, ನಾಲ್ಕನ್ನು ಎರಡಾಗಿ, ಎರಡನ್ನು ಒಂದಾಗಿ ಸೇರಿಸಿದರು. ಒಂದು ಸಿಲಿಂಡರ್‌ನ ಹೊಗೆ ಪಕ್ಕದ್ದಕ್ಕೆ ವಾಪಸ್ ನುಗ್ಗುವುದು ತಪ್ಪಿತು. ಡೀಸೆಲ್‌ನಲ್ಲಿ ಉಲ್ಟಾ. ಕಂಪ್ರೆಷನ್ ಇಳಿಸಿದರೆ ಒತ್ತಡ ಕಮ್ಮಿ, ಬ್ಲಾಕ್ ಹಗುರ ಮಾಡಬಹುದು, ಹೊಗೆಯೂ ಶುದ್ಧ. ಆದರೆ ಚಳಿಯಲ್ಲಿ ಎಂಜಿನ್ ಸರಿಯಾಗಿ ಉರಿಯುವುದಿಲ್ಲ. ಅದಕ್ಕೆ ಗಾಳಿ ಎಳೆದುಕೊಳ್ಳುವಾಗ ಎಕ್ಸಾಸ್ಟ್ ವಾಲ್ವನ್ನು ಇನ್ನೊಮ್ಮೆ ಸ್ವಲ್ಪ ತೆರೆದು, ಬಿಸಿ ಹೊಗೆಯನ್ನು ಬೇಕಂತಲೇ ಒಳಗೆ ಕರೆದುಕೊಂಡರು. ಒಂದು ಎಂಜಿನ್‌ನಲ್ಲಿ ಬಿಸಿ ಹೊಗೆಯನ್ನು ಓಡಿಸುವುದು, ಇನ್ನೊಂದರಲ್ಲಿ ಅದನ್ನೇ ಕರೆಯುವುದು. ಕಾಸು ಕಮ್ಮಿ ಇದ್ದವರ ಬುದ್ಧಿ ಹೀಗೇ ಓಡುತ್ತದೆ.

ರೋಟರಿ ಏನಾಯಿತು? ಆರ್‌ಎಕ್ಸ್-7ರ ನಂತರ ಬಂದ ರೋಟರಿ ಕಾರು ಆರ್‌ಎಕ್ಸ್-8ರ ತಯಾರಿ 2012ರಲ್ಲಿ ನಿಂತಿತು. 2023ರಲ್ಲಿ ಎಂಎಕ್ಸ್-30 ಅನ್ನುವ ಬ್ಯಾಟರಿ ಕಾರಿನ ಒಂದು ಮಾದರಿಯಲ್ಲಿ ರೋಟರಿ ಮತ್ತೆ ಬಂತು. ಒಂದೇ ರೋಟರ್, 830 ಸಿಸಿ. ಚಕ್ರ ತಿರುಗಿಸುವ ಕೆಲಸ ಅದಕ್ಕಿಲ್ಲ, ಬ್ಯಾಟರಿಗೆ ಕರೆಂಟ್ ಮಾಡಿಕೊಡುತ್ತದೆ ಅಷ್ಟೆ. ಅಪೆಕ್ಸ್ ಸೀಲನ್ನು 2 ಮಿ.ಮೀ.ಯಿಂದ 2.5 ಮಿ.ಮೀ.ಗೆ ದಪ್ಪ ಮಾಡಿದ್ದಾರೆ. ಇಷ್ಟು ವರ್ಷ ಆದರೂ ಅದೇ ಪಟ್ಟಿಯ ಮೇಲೆ ಕೆಲಸ ನಡೆದಿದೆ.

ಮಜ್ದಾ ಕಾರುಗಳು ನಮ್ಮಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ. ಆದರೆ ಆಸ್ಟ್ರೇಲಿಯಾದಲ್ಲೋ ಬ್ರಿಟನ್ನಿನಲ್ಲೋ ಇರುವ ನಮ್ಮ ಹುಡುಗರು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್-8 ಅಗ್ಗಕ್ಕೆ ಸಿಗುತ್ತದೆ ಅಂತ ಆಸೆಪಡುತ್ತಾರೆ. ಯಾಕೆ ಅಗ್ಗ ಅಂತ ಈಗ ಗೊತ್ತಾಗಿರಬೇಕು. ಸುಮ್ನೆ ಬೇಡ ಅನ್ನುವುದಿಲ್ಲ, ನೋಡಿ ತೆಗೆದುಕೊಳ್ಳಿ. ಮೊದಲು ಗಾಡಿಯನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಸೆಲ್ಫ್ ಎಳೆದೂ ಎಳೆದೂ ಸ್ಟಾರ್ಟ್ ಆದರೆ ಸೀಲ್ ಮುಗಿಯುತ್ತಾ ಬಂದಿರುವ ಸಾಧ್ಯತೆ ಹೆಚ್ಚು. ಕಂಪ್ರೆಷನ್ ಚೆಕ್ ಮಾಡಿಸುವಾಗ ಮಾಮೂಲಿ ಗೇಜ್ ಒಪ್ಪಬೇಡಿ. ಅದು ಮೂರು ಮುಖಗಳಲ್ಲಿ ಚೆನ್ನಾಗಿರುವುದರ ಅಂಕಿ ಮಾತ್ರ ತೋರಿಸುತ್ತದೆ, ಸೋರುವ ಮುಖ ಬಚಾವಾಗುತ್ತದೆ. ರೋಟರಿಗೆಂದೇ ಇರುವ ಟೆಸ್ಟರ್‌ನಲ್ಲಿ ಒಂದೊಂದು ರೋಟರ್‌ಗೆ ಮೂರು ಅಂಕಿ ಬರಬೇಕು, ಮೂರೂ ಹತ್ತಿರ ಹತ್ತಿರ ಇರಬೇಕು. ಆಯಿಲ್ ಕುಡಿಯುತ್ತದೆ ಅಂತ ಹೆದರಬೇಡಿ, ಸೀಲಿಗೆ ಜಾರಲೆಂದು ಪಂಪೇ ಸ್ವಲ್ಪ ಸ್ವಲ್ಪ ಒಳಗೆ ಬಿಡುತ್ತದೆ. ಪೆಟ್ರೋಲ್ ಹಾಕಿಸುವಾಗೆಲ್ಲ ಡಿಪ್ ಸ್ಟಿಕ್ ಎಳೆದು ನೋಡಿ. ಇನ್ನು, ಬೆಳಗ್ಗೆ ಸ್ಟಾರ್ಟ್ ಮಾಡಿ ಗೇಟಿನ ತನಕ ತಂದು ತಕ್ಷಣ ಆಫ್ ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಹಸಿ ಪೆಟ್ರೋಲ್ ಸೀಲಿನ ಮೇಲಿನ ಆಯಿಲ್ ತೊಳೆದು ಹಾಕುತ್ತದೆ, ಮತ್ತೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬಿಸಿಯಾಗುವ ತನಕ ಓಡಲು ಬಿಡಿ.